ಗೇಮಿಂಗ್‌ಗೆ ಲಿನಕ್ಸ್: ಡಿಸ್ಟ್ರೋ ಆಮೇಲೆ, ಮೊದಲು ಆಟಗಳ ಪಟ್ಟಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲ, ಪ್ರೊಸೆಸರ್ ಹಳೆಯದು ಎಂದು ಇನ್‌ಸ್ಟಾಲರ್ ಬಾಗಿಲಲ್ಲೇ ತಡೆಯುತ್ತದೆ. ಆಟಕ್ಕೆ ಇನ್ನೂ ಸಾಕಷ್ಟು ಶಕ್ತಿಯಿರುವ ಪಿಸಿಯನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಹಾಕಬಹುದೇ ಎಂದು ಕೇಳುವವರು ಈಗ ಬಹಳ. ಕೇಳುವವರೆಲ್ಲ ಶುರು ಮಾಡುವುದು ಒಂದೇ ಕಡೆಯಿಂದ: ಯಾವ ಡಿಸ್ಟ್ರೋ, ಅಂದರೆ ಲಿನಕ್ಸ್‌ನ ಯಾವ ಬಗೆ, ಹಾಕಲಿ? ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಯಾವ ಆಟ ಆಡುತ್ತೀರಿ, ಗ್ರಾಫಿಕ್ಸ್ ಕಾರ್ಡ್ ಯಾವ ತಲೆಮಾರಿನದು, ಆಟದ ಫೈಲ್‌ಗಳು ಕೂರುವ ಡಿಸ್ಕ್ ಹೇಗೆ ಫಾರ್ಮ್ಯಾಟ್ ಆಗಿದೆ ಎಂಬ ಮೂರು ಸಂಗತಿಗಳು ಸರಿಯಿದ್ದರೆ ಯಾವ ಡಿಸ್ಟ್ರೋ ಆದರೂ ನಡೆಯುತ್ತದೆ. ತಪ್ಪಿದ್ದರೆ ಯಾವುದೂ ನಡೆಯುವುದಿಲ್ಲ.

ವಿಂಡೋಸ್‌ಗೆಂದು ಬರೆದ ಆಟ ಲಿನಕ್ಸ್‌ನಲ್ಲಿ ಓಡುವುದು ಪ್ರೋಟಾನ್ ಮೂಲಕ. 1993ರಲ್ಲಿ ಶುರುವಾದ ವೈನ್ ಎಂಬ ಮುಕ್ತ ತಂತ್ರಾಂಶವನ್ನು ಬುನಾದಿಯಾಗಿಟ್ಟುಕೊಂಡು ವಾಲ್ವ್ ಕಂಪನಿ 2018ರ ಆಗಸ್ಟ್‌ನಲ್ಲಿ ಇದನ್ನು ತನ್ನ ಆಟದಂಗಡಿಯಾದ ಸ್ಟೀಮ್‌ಗೆ ಸೇರಿಸಿತು. ಇದು ವರ್ಚುವಲ್ ಮಷಿನ್ ಅಲ್ಲ, ಒಳಗೆಲ್ಲೂ ವಿಂಡೋಸ್ ಓಡುತ್ತಿರುವುದಿಲ್ಲ. ಆಟವು ವಿಂಡೋಸ್‌ನಿಂದ ಕೇಳುವುದನ್ನೆಲ್ಲ ವೈನ್ ಲಿನಕ್ಸ್‌ನಿಂದ ತಂದುಕೊಡುತ್ತದೆ. ಡೈರೆಕ್ಟ್‌ಎಕ್ಸ್ 8ರಿಂದ 11ರವರೆಗಿನ ಗ್ರಾಫಿಕ್ಸ್ ಕೆಲಸವನ್ನು ಡಿಎಕ್ಸ್‌ವಿಕೆ, 12ರದನ್ನು ವಿಕೆಡಿ3ಡಿ-ಪ್ರೋಟಾನ್ ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಗೆ ತಿರುಗಿಸುತ್ತವೆ. 2022ರ ಫೆಬ್ರುವರಿಯಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಓಡುವುದೂ ಆರ್ಚ್ ಲಿನಕ್ಸ್ ಆಧಾರದ ಸ್ಟೀಮ್‌ಓಎಸ್‌ನಲ್ಲೇ. ಆ ಪುಟ್ಟ ಯಂತ್ರಕ್ಕಾಗಿ ನಡೆದ ದುರಸ್ತಿ ಕೆಲಸದ ಲಾಭ ಡೆಸ್ಕ್‌ಟಾಪಿಗೂ ಸಿಕ್ಕಿದೆ. ಸೈಬರ್‌ಪಂಕ್ 2077, ವಿಚರ್ 3, ಬಾಲ್ಡರ್ಸ್ ಗೇಟ್ 3, ಎಲ್ಡನ್ ರಿಂಗ್‌ನಂಥ ದೊಡ್ಡ ಆಟಗಳು ಇನ್‌ಸ್ಟಾಲ್ ಒತ್ತಿ ಪ್ಲೇ ಒತ್ತಿದರೆ ಓಡುತ್ತವೆ.

ತೊಡಕಿರುವುದು ಆನ್‌ಲೈನ್ ಆಟಗಳಲ್ಲಿ. ವ್ಯಾಲರೆಂಟ್‌ನ ವ್ಯಾನ್‌ಗಾರ್ಡ್‌ನಂಥ ಆಂಟಿ-ಚೀಟ್, ಅಂದರೆ ಮೋಸದಾಟ ತಡೆಯುವ ತಂತ್ರಾಂಶ, ವಿಂಡೋಸ್‌ನ ತಿರುಳಾದ ಕರ್ನಲ್‌ನೊಳಗೇ ಡ್ರೈವರ್ ಆಗಿ ಕೂರುತ್ತದೆ. ಪ್ರೋಟಾನ್ ಒದಗಿಸುವುದು ಕರ್ನಲ್‌ನ ಹೊರಗಿನ ಪದರವನ್ನು ಮಾತ್ರ. ಡ್ರೈವರ್ ಕೂರಲು ಅಲ್ಲಿ ವಿಂಡೋಸ್ ಕರ್ನಲ್ಲೇ ಇಲ್ಲ, ಹಾಗಾಗಿ ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ. ವ್ಯಾಲರೆಂಟ್, ಲೀಗ್ ಆಫ್ ಲೆಜೆಂಡ್ಸ್, ಫೋರ್ಟ್‌ನೈಟ್, ಪಿಸಿಯ ಪಬ್‌ಜಿ, ರೇನ್‌ಬೋ ಸಿಕ್ಸ್ ಸೀಜ್, ಈಚಿನ ಕಾಲ್ ಆಫ್ ಡ್ಯೂಟಿಗಳು, ಬ್ಯಾಟಲ್‌ಫೀಲ್ಡ್ 6, ಇಎ ಸ್ಪೋರ್ಟ್ಸ್ ಎಫ್‌ಸಿ ಸರಣಿ ಇವೆಲ್ಲ ಲಿನಕ್ಸ್‌ನಲ್ಲಿ ಓಡದ ಆಟಗಳ ಪಟ್ಟಿಯಲ್ಲಿವೆ. ವರ್ಚುವಲ್ ಮಷಿನ್‌ನಲ್ಲಿ ಆಡುತ್ತೇನೆ ಎನ್ನಬೇಡಿ. ಆಂಟಿ-ಚೀಟ್ ಅದನ್ನು ಪತ್ತೆ ಹಚ್ಚುತ್ತದೆ, ಖಾತೆಯೇ ಬ್ಯಾನ್ ಆಗಬಹುದು.

ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐಗಳ ಕತೆ ಬೇರೆ. ಇವೆರಡೂ 2021ರಿಂದ ಪ್ರೋಟಾನ್‌ಗೆ ಒಪ್ಪುತ್ತವೆ, ಆದರೆ ಆಟದ ಕಂಪನಿ ತಾನಾಗಿ ಆ ಅನುಮತಿ ಕೊಡಬೇಕು. ಕೊಟ್ಟ ಅನುಮತಿಯನ್ನು ವಾಪಸ್ ಪಡೆಯುವುದೂ ಉಂಟು: ಏಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರ್‌ವರೆಗೆ ಲಿನಕ್ಸ್‌ನಲ್ಲಿ ಓಡುತ್ತಿತ್ತು, ಆಮೇಲೆ ಕಂಪನಿಯೇ ನಿಲ್ಲಿಸಿತು. ಜಿಟಿಎ ಆನ್‌ಲೈನ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಸೇರಿದ ಮೇಲೆ ಅದೂ ಹೋಯಿತು; ಜಿಟಿಎ 5ರ ಸ್ಟೋರಿ ಮೋಡ್ ಮಾತ್ರ ಚೆನ್ನಾಗಿಯೇ ನಡೆಯುತ್ತದೆ. ಕೌಂಟರ್-ಸ್ಟ್ರೈಕ್ 2 ಮತ್ತು ಡೋಟಾ 2ಕ್ಕೆ ಲಿನಕ್ಸ್‌ನದೇ ಆವೃತ್ತಿಯಿದೆ, ಪ್ರೋಟಾನ್ ಕೂಡ ಬೇಡ. ಆದರೆ ಕೌಂಟರ್-ಸ್ಟ್ರೈಕನ್ನು ಫೇಸಿಟ್ ವೇದಿಕೆಯಲ್ಲಿ ಆಡುವವರು ಎಚ್ಚರ: ಫೇಸಿಟ್‌ನ ಆಂಟಿ-ಚೀಟ್ ವಿಂಡೋಸ್‌ಗೆ ಮಾತ್ರ.

ಆದ್ದರಿಂದ ಮೊದಲ ಕೆಲಸ ಕಾಗದದ ಮೇಲೆ. ಕಳೆದ ಆರು ತಿಂಗಳಲ್ಲಿ ನಿಜಕ್ಕೂ ಆಡಿದ ಆಟಗಳನ್ನಷ್ಟೇ ಬರೆಯಿರಿ. ಸೇಲ್‌ನಲ್ಲಿ ಕೊಂಡು ಮುಟ್ಟದೇ ಇಟ್ಟದ್ದು ಲೆಕ್ಕಕ್ಕಿಲ್ಲ. ಒಂದೊಂದನ್ನೂ ಪ್ರೋಟಾನ್‌ಡಿಬಿ ಜಾಲತಾಣದಲ್ಲಿ ಹುಡುಕಿ. ಪ್ಲಾಟಿನಂ, ಗೋಲ್ಡ್ ಎಂಬ ದರ್ಜೆ ನೋಡಿ ನಂಬಿಬಿಡಬೇಡಿ. ಕೆಳಗಿರುವ ವರದಿಗಳಲ್ಲಿ ಈಚಿನವನ್ನು, ಅದರಲ್ಲೂ ನಿಮ್ಮ ಕಾರ್ಡ್ ಇರುವವರು ಬರೆದದ್ದನ್ನು ಓದಿ. ಆನ್‌ಲೈನ್ ಆಟಗಳಿಗೆಂದೇ ಆರ್ ವಿ ಆಂಟಿ-ಚೀಟ್ ಯೆಟ್ ಎಂಬ ಪಟ್ಟಿ ಇದೆ. ದಿನಾ ಆಡುವ ಆಟವೇ ಓಡದ ಪಟ್ಟಿಯಲ್ಲಿದ್ದರೆ ವಿಂಡೋಸ್ ಬಿಡುವ ಯೋಚನೆಯನ್ನೇ ಬಿಡಿ. ಎರಡನ್ನೂ ಇಟ್ಟುಕೊಳ್ಳುವ ದಾರಿ ಮುಂದೆ ಹೇಳಿದ್ದೇನೆ.

ಇನ್ನು ಕಾರ್ಡ್. ಎಎಂಡಿ ಇದ್ದವರಿಗೆ ಇಲ್ಲಿ ಹೆಚ್ಚೇನೂ ಕೆಲಸವಿಲ್ಲ. ಡ್ರೈವರ್ ಲಿನಕ್ಸ್ ಕರ್ನಲ್ ಮತ್ತು ಮೆಸಾ ಎಂಬ ಮುಕ್ತ ಗ್ರಾಫಿಕ್ಸ್ ತಂತ್ರಾಂಶದೊಳಗೇ ಬರುತ್ತದೆ, ಆರ್‌ಎಕ್ಸ್ 570, 580ರಂಥ ಸೆಕೆಂಡ್‌ಹ್ಯಾಂಡ್ ಕಾರ್ಡ್‌ಗಳೂ ಹಾಕಿದ ತಕ್ಷಣ ನಡೆಯುತ್ತವೆ. ಒಂದೇ ಕೊರತೆ: ಮುಕ್ತ ಡ್ರೈವರ್‌ನಲ್ಲಿ ಎಚ್‌ಡಿಎಂಐ 2.1 ಸೇರಿಸಲು 2024ರಲ್ಲಿ ಎಚ್‌ಡಿಎಂಐ ಫೋರಂ ಒಪ್ಪಲಿಲ್ಲ. 4ಕೆ 120 ಹರ್ಟ್ಸ್ ಬೇಕಿದ್ದರೆ ಡಿಸ್‌ಪ್ಲೇಪೋರ್ಟ್ ಇರುವ ಮಾನಿಟರ್ ಬೇಕು.

ಎನ್‌ವಿಡಿಯಾದಲ್ಲಿ ತಲೆಮಾರು ನೋಡಲೇಬೇಕು. ಜಿಟಿಎಕ್ಸ್ 16 ಸರಣಿ, ಆರ್‌ಟಿಎಕ್ಸ್ 20 ಮತ್ತು ಅದರ ಮುಂದಿನವು ಹೊಸ ಡ್ರೈವರ್‌ನಲ್ಲಿ ಸರಾಗ. ಡೈರೆಕ್ಟ್‌ಎಕ್ಸ್ 12 ಆಟಗಳಲ್ಲಿ ವಿಂಡೋಸ್‌ಗಿಂತ ಎದ್ದುಕಾಣುವಷ್ಟು ಫ್ರೇಮ್ ಕಡಿಮೆ ಬರಬಹುದು, ಅಷ್ಟೆ. ನಮ್ಮಲ್ಲಿ ಇನ್ನೂ ಹೇರಳವಾಗಿರುವ ಜಿಟಿಎಕ್ಸ್ 1050 ಟಿಐ, 1060ರಂಥ ಪ್ಯಾಸ್ಕಲ್ ಕಾರ್ಡ್‌ಗಳಿಗೆ 580 ಸರಣಿಯೇ ಕೊನೆಯ ಡ್ರೈವರ್. 590 ಹಾಕಿದರೆ ಕಾರ್ಡನ್ನೇ ಗುರುತಿಸುವುದಿಲ್ಲ. ಅಪ್‌ಡೇಟ್ ಆಗಿ ರೀಬೂಟ್ ಮಾಡಿದ ಮೇಲೆ ಪರದೆ ಕಪ್ಪಾಯಿತು ಎನ್ನುವ ದೂರಿಗೆ ಇಂಥ ಕಾರ್ಡ್‌ಗಳಲ್ಲಿ ಮೊದಲು ನೋಡಬೇಕಾದ ಕಾರಣ ಇದು. ಮಿಂಟ್, ಉಬುಂಟು ಡಿಸ್ಟ್ರೋಗಳ ಡ್ರೈವರ್ ಮ್ಯಾನೇಜರ್‌ನಲ್ಲಿ 580 ಅನ್ನೇ ಆರಿಸಿ, ಆರ್ಚ್ ಮೂಲದವುಗಳಲ್ಲಿ 580ರ ಪ್ಯಾಕೇಜಿಗೆ ಬದಲಿಸಿಕೊಳ್ಳಿ. ಜಿಟಿ 710ರಂಥ ಕೆಪ್ಲರ್ ಕಾರ್ಡ್‌ಗಳ ಪಾಡು ಇನ್ನೂ ಕಷ್ಟ: ಅವುಗಳ 470 ಡ್ರೈವರ್ ವಲ್ಕನ್ 1.2ಕ್ಕೇ ನಿಲ್ಲುತ್ತದೆ, ಈಗಿನ ಡಿಎಕ್ಸ್‌ವಿಕೆಗೆ 1.3 ಬೇಕು. ಪ್ರೋಟಾನ್ 7ಕ್ಕೆ ಇಳಿಸಿಕೊಂಡು ಹಳೆಯ ಆಟ ಆಡಬಹುದು, ಹೊಸದರ ಆಸೆ ಬೇಡ.

ಡಿಸ್ಕ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಒಂದೇ ಡಿಸ್ಕನ್ನು ಸೀಳಿ ಎರಡು ಓಎಸ್ ಹಾಕುವ ಬದಲು ಲಿನಕ್ಸ್‌ಗೆಂದೇ ಬೇರೆ ಎಸ್‌ಎಸ್‌ಡಿ ಕೊಳ್ಳಿ. 500 ಜಿಬಿ ಸಾಕು, 1 ಟಿಬಿ ಆದರೆ ನಿಶ್ಚಿಂತೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೊಳ್ಳುವವರು ಕಂಪನಿ ವಾರಂಟಿ ಇರುವ, ಸೀಲ್ ಒಡೆಯದ ಡಬ್ಬಿಯನ್ನೇ ಕೇಳಿ. ಇನ್‌ಸ್ಟಾಲ್ ಮಾಡುವ ಹೊತ್ತಿಗೆ ವಿಂಡೋಸ್ ಡಿಸ್ಕಿನ ಕೇಬಲ್ ಕಿತ್ತಿಡಿ, ಎಂ.2 ಆದರೆ ಸ್ಕ್ರೂ ಬಿಚ್ಚಿ ಹೊರಗಿಡಿ. ಇಲ್ಲವಾದರೆ ಕೆಲವು ಇನ್‌ಸ್ಟಾಲರ್‌ಗಳು ಲಿನಕ್ಸನ್ನು ಏಳಿಸುವ ಬೂಟ್‌ಲೋಡರನ್ನು ವಿಂಡೋಸ್ ಡಿಸ್ಕಿನ ಇಎಫ್‌ಐ ಪಾರ್ಟಿಷನ್‌ನಲ್ಲಿ ಬರೆದುಬಿಡುತ್ತವೆ. ಮುಂದೊಂದು ದಿನ ಆ ಡಿಸ್ಕ್ ತೆಗೆದರೆ ಲಿನಕ್ಸೂ ಏಳುವುದಿಲ್ಲ. ಮುಗಿದ ಮೇಲೆ ಕೇಬಲ್ ಸಿಕ್ಕಿಸಿ, ಯಾವುದು ಬೇಕೋ ಅದನ್ನು ಬಯೋಸ್‌ನ ಬೂಟ್ ಮೆನುವಿನಿಂದ ಆರಿಸಿಕೊಳ್ಳಿ.

ಡಿಸ್ಕ್ ಕಿತ್ತಿಡುವ ಮುಂಚೆ ವಿಂಡೋಸ್ ಒಳಗೆ ಎರಡು ಕೆಲಸ ಮುಗಿಸಬೇಕು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯೇ ನೋಡಿ, 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಬಯೋಸ್‌ನಲ್ಲಿ ಸಹಿಯಿಲ್ಲದ ಓಎಸ್ ಏಳದಂತೆ ತಡೆಯುವ ಸೆಕ್ಯೂರ್ ಬೂಟ್ ಮುಟ್ಟಿದ ಮರುಕ್ಷಣ ವಿಂಡೋಸ್ ಅದನ್ನು ಕೇಳಬಹುದು. ಆಮೇಲೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಎಂದರೂ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ, ಆ ಪಾರ್ಟಿಷನ್‌ಗೆ ಲಿನಕ್ಸ್‌ನಿಂದ ಏನನ್ನೂ ಬರೆಯಲಾಗುವುದಿಲ್ಲ. ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿಯೇ ಕಾಣದಿದ್ದರೆ ಬಯೋಸ್‌ನಲ್ಲಿ ಸ್ಟೋರೇಜ್ ಆರ್‌ಎಸ್‌ಟಿ ರೇಡ್ ಮೋಡ್‌ನಲ್ಲಿದೆ ಎಂದು ಅರ್ಥ, ಎಎಚ್‌ಸಿಐಗೆ ಬದಲಿಸಬೇಕು. ಹಾಗೆ ಬದಲಿಸಿದ ಮೇಲೆ ವಿಂಡೋಸನ್ನು ಮೊದಲ ಸಲ ಸೇಫ್ ಮೋಡ್‌ನಲ್ಲಿ ಏಳಿಸದಿದ್ದರೆ ನೀಲಿ ಪರದೆ ಗ್ಯಾರಂಟಿ.

ಈಗ ಡಿಸ್ಟ್ರೋ. ಆಟವೇ ಮುಖ್ಯ, ಟರ್ಮಿನಲ್ ಗೊಡವೆ ಬೇಡ ಎನ್ನುವವರಿಗೆ ಫೆಡೋರಾ ಆಧಾರದ ಬಜೈಟ್. ಸ್ಟೀಮ್, ಎನ್‌ವಿಡಿಯಾ ಡ್ರೈವರ್, ಕಂಟ್ರೋಲರ್ ಬೆಂಬಲ ಎಲ್ಲ ಒಳಗೇ ಇರುತ್ತದೆ. ಡೌನ್‌ಲೋಡ್ ಪುಟದಲ್ಲಿ ಕಾರ್ಡ್ ಯಾವುದೆಂದು ಕೇಳುತ್ತದೆ, ಸರಿಯಾಗಿ ಉತ್ತರಿಸಿ. ಅಪ್‌ಡೇಟ್ ಕೆಟ್ಟರೆ ಬೂಟ್ ಮೆನುವಿನಲ್ಲಿ ಹಿಂದಿನ ಇಮೇಜ್ ಆರಿಸಿ ವಾಪಸ್ ಹೋಗಬಹುದು. ಇದೊಂದೇ ಗುಣಕ್ಕೆ ಹೊಸಬರಿಗೆ ನಾನು ಇದನ್ನು ಮೊದಲು ಹೇಳುತ್ತೇನೆ. ಪೆನ್‌ಡ್ರೈವ್ 16 ಜಿಬಿಯದಿರಲಿ, ಬರೆಯಲು ಫೆಡೋರಾ ಮೀಡಿಯಾ ರೈಟರ್ ಅಥವಾ ರೂಫಸ್ ಸಾಕು, ವೆಂಟಾಯ್ ಬೇಡ. ಸೆಕ್ಯೂರ್ ಬೂಟ್ ಆನ್ ಇದ್ದರೆ ಮೊದಲ ರೀಬೂಟ್‌ನಲ್ಲಿ ಒಂದು ನೀಲಿ ಪರದೆ ಬಂದು ಕೀ ನೋಂದಾಯಿಸಲು ಕೇಳುತ್ತದೆ. ಅವಸರದಲ್ಲಿ ಅದನ್ನು ದಾಟಿದವರಿಗೆ ಮುಂದೆ ಬೂಟ್ ಆಗುವಾಗಲೇ ತಡೆ ಬೀಳುತ್ತದೆ.

ಮನೆಯಲ್ಲಿ ಬೇರೆಯವರೂ ಬಳಸುವ ಪಿಸಿಗೆ ಲಿನಕ್ಸ್ ಮಿಂಟ್ ಒಳ್ಳೆಯದು, 22ನೇ ಆವೃತ್ತಿ ಅಥವಾ ಅದಕ್ಕೂ ಹೊಸದು. ಹಳೆಯ ಮಿಂಟ್ 21 ಮತ್ತು ಡೆಬಿಯನ್ 12ರಲ್ಲಿ ಒಂದು ಪ್ರೋಗ್ರಾಮ್ ಪಡೆಯಬಹುದಾದ ಮೆಮೊರಿ ಮ್ಯಾಪ್‌ಗಳ ಮಿತಿ 65530. ದೊಡ್ಡ ಆಟಗಳು ಅಷ್ಟನ್ನೂ ತುಂಬಿಸಿ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತವೆ. ಫೆಡೋರಾ 39 ಮತ್ತು ಉಬುಂಟು 24.04ರಿಂದ ಈ ಮಿತಿ 1048576ಕ್ಕೆ ಏರಿದೆ. ಒಂದು ಮಾನಿಟರ್ 144 ಹರ್ಟ್ಸ್, ಇನ್ನೊಂದು 60 ಇದ್ದವರು ಮಾತ್ರ ಮಿಂಟ್ ಬಿಟ್ಟು ಕೆಡಿಇ ಪ್ಲಾಸ್ಮಾ ಡೆಸ್ಕ್‌ಟಾಪ್ ವೇಲ್ಯಾಂಡ್‌ನಲ್ಲಿ ಓಡುವ ಡಿಸ್ಟ್ರೋವನ್ನೇ ಹಾಕಿಕೊಳ್ಳಿ. ಅದೇ ಪಿಸಿಯಲ್ಲಿ ಕನ್ನಡ ಟೈಪಿಂಗ್ ನಡೆಯುತ್ತದೆಯೇ? ಯೂನಿಕೋಡ್ ಆದರೆ ಚಿಂತೆಯಿಲ್ಲ, ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕಗಪ ವಿನ್ಯಾಸ ಸಿಗುತ್ತದೆ. ಹಳೆಯ ಆಸ್ಕಿ ನುಡಿ ಫಾಂಟ್‌ನ ಕಡತಗಳನ್ನು ತಿದ್ದುವ ಕೆಲಸವಿದ್ದರೆ ವಿಂಡೋಸ್ ಡಿಸ್ಕ್ ಅಳಿಸಬೇಡಿ.

ಸ್ಟೀಮ್ ತೆರೆದ ಮೇಲೆ ಹಲವರು ಮಾಡುವುದು, ಹಳೆಯ ವಿಂಡೋಸ್ ಡಿ ಡ್ರೈವನ್ನೇ ಲೈಬ್ರರಿಯಾಗಿ ತೋರಿಸುವುದು. ಆಟಗಳೆಲ್ಲ ಕಾಣಿಸುತ್ತವೆ, ಪ್ಲೇ ಒತ್ತಿದರೆ ಎರಡು ಸೆಕೆಂಡ್ ಓಡಿದಂತೆ ಮಾಡಿ ನಿಲ್ಲುತ್ತವೆ. ಪ್ರೋಟಾನ್ ಪ್ರತಿ ಆಟಕ್ಕೂ ಒಂದು ನಕಲಿ ಸಿ ಡ್ರೈವ್ ಕಟ್ಟುತ್ತದೆ. ಅದಕ್ಕೆ ಬೇರೆ ಫೈಲಿನತ್ತ ಬೊಟ್ಟುಮಾಡುವ ಸಿಂಬಾಲಿಕ್ ಲಿಂಕ್‌ಗಳೂ ಹೆಸರಿನಲ್ಲಿ ಕೋಲನ್ ಚಿಹ್ನೆಯೂ ಬೇಕು. ವಿಂಡೋಸ್‌ನ ಡಿಸ್ಕ್ ಫಾರ್ಮ್ಯಾಟ್ ಆದ ಎನ್‌ಟಿಎಫ್‌ಎಸ್‌ನಲ್ಲಿ ಇದು ಎಡವುತ್ತದೆ, ಎಕ್ಸ್‌ಫ್ಯಾಟ್‌ನಲ್ಲಿ ಸಾಧ್ಯವೇ ಇಲ್ಲ. ಲೈಬ್ರರಿ ಇರುವ ಡಿಸ್ಕ್ ಲಿನಕ್ಸ್‌ನ ಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಆಗಿರಲಿ. ಹಾಗೆಂದು 100 ಜಿಬಿ ಆಟವನ್ನು ಮತ್ತೆ ಇಳಿಸಿಕೊಳ್ಳಬೇಕಿಲ್ಲ. ಹಳೆಯ ಡಿಸ್ಕಿನ ಸ್ಟೀಮ್‌ಆ್ಯಪ್ಸ್ ಒಳಗಿನ ಕಾಮನ್ ಫೋಲ್ಡರ್‌ನಿಂದ ಆಟದ ಫೋಲ್ಡರನ್ನು ಹೆಸರು ಬದಲಿಸದೆ ಹೊಸ ಲೈಬ್ರರಿಯ ಅದೇ ಜಾಗಕ್ಕೆ ನಕಲು ಮಾಡಿ, ನಂತರ ಇನ್‌ಸ್ಟಾಲ್ ಒತ್ತಿ. ಸ್ಟೀಮ್ ಇರುವುದನ್ನು ಪರಿಶೀಲಿಸಿ ವ್ಯತ್ಯಾಸವಷ್ಟನ್ನೇ ಇಳಿಸುತ್ತದೆ.

ಸ್ಟೀಮನ್ನು ಫ್ಲ್ಯಾಟ್‌ಪ್ಯಾಕ್ (ಉಳಿದ ಫೈಲ್‌ಗಳಿಂದ ಬೇರ್ಪಡಿಸಿದ ಪ್ಯಾಕೇಜ್) ಆಗಿ ಹಾಕಿದ್ದರೆ ಎರಡನೇ ಡಿಸ್ಕ್ ಕಾಣದಿರಬಹುದು. ಅದರ ಅನುಮತಿ ಬದಲಿಸುವ ಫ್ಲ್ಯಾಟ್‌ಸೀಲ್‌ನಲ್ಲಿ ಆ ಡಿಸ್ಕಿನ ದಾರಿ ಸೇರಿಸಿ. ಎಪಿಕ್ ಮತ್ತು ಜಿಒಜಿ ಆಟಗಳಿಗೆ ಹೀರೋಯಿಕ್ ಲಾಂಚರ್ ಇದೆ. ಗಡಿಯಾರ ಐದೂವರೆ ತಾಸು ಹಿಂದೆ ಮುಂದೆ ಆಗುವುದು ಎರಡು ಓಎಸ್ ಇಟ್ಟುಕೊಂಡ ಭಾರತೀಯರ ಪಾಲಿಗೆ ಬಂದ ಕಾಟ: ಮದರ್‌ಬೋರ್ಡ್ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯ ಬರೆಯುತ್ತದೆ, ಲಿನಕ್ಸ್ ಅದನ್ನು ಜಾಗತಿಕ ಸಮಯ (ಯುಟಿಸಿ) ಎಂದು ಓದುತ್ತದೆ. ವಿಂಡೋಸ್ ರಿಜಿಸ್ಟ್ರಿಯ ಟೈಮ್‌ಜೋನ್ ಇನ್ಫರ್ಮೇಷನ್ ಕೀಯಲ್ಲಿ ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ ಎಂಬ ಮೌಲ್ಯವನ್ನು 1 ಮಾಡಿದರೆ ಸರಿಹೋಗುತ್ತದೆ.

ಇಷ್ಟೆಲ್ಲ ಆಗಿಯೂ ಒಂದು ಆಟ ಏಳದಿದ್ದರೆ ಕ್ರಮವಾಗಿ ಹೋಗಿ. ಮೊದಲು ಫೈಲ್‌ಗಳ ವೆರಿಫೈ. ನಂತರ ಆಟದ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ತೆರೆದು ಪ್ರೋಟಾನ್ ಆವೃತ್ತಿ ಬದಲಿಸಿ: ಸ್ಥಿರ ಆವೃತ್ತಿ, ಆಮೇಲೆ ಎಕ್ಸ್‌ಪರಿಮೆಂಟಲ್. ಆಟ ಓಡಿ, ನಡುವಿನ ವಿಡಿಯೊ ಬರುವಲ್ಲಿ ಮಾತ್ರ ಬಣ್ಣದ ಪಟ್ಟಿಗಳ ಚಿತ್ರ ಕಂಡರೆ ಅದು ವಿಡಿಯೊ ಕೋಡೆಕ್ ತೊಂದರೆ; ಪ್ರೋಟಾನ್‌ಅಪ್-ಕ್ಯೂಟಿ ಮೂಲಕ ಪ್ರೋಟಾನ್‌ನ ಸಮುದಾಯ ಆವೃತ್ತಿಯಾದ ಜಿಇ-ಪ್ರೋಟಾನ್ ಇಳಿಸಿಕೊಂಡು ಅದನ್ನು ಆರಿಸಿ. ಅದೂ ಫಲ ಕೊಡದಿದ್ದರೆ ಕೊನೆಗೆ ಕಂಪ್ಯಾಟ್‌ಡೇಟಾ ಫೋಲ್ಡರ್‌ನಲ್ಲಿ ಆ ಆಟದ ಸಂಖ್ಯೆಯ ಫೋಲ್ಡರ್ ಅಳಿಸಿ. ಮುಂದಿನ ಸಲ ಪ್ಲೇ ಒತ್ತಿದಾಗ ಪ್ರೋಟಾನ್ ಹೊಸದನ್ನು ಕಟ್ಟುತ್ತದೆ. ಅಳಿಸುವ ಮುನ್ನ ಸ್ಟೀಮ್ ಸ್ಟೋರ್ ಪುಟದಲ್ಲಿ ಆ ಆಟಕ್ಕೆ ಕ್ಲೌಡ್ ಸೇವ್ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಸೇವ್ ಫೈಲ್‌ಗಳಿರುವುದು ಆ ಫೋಲ್ಡರ್‌ನೊಳಗಿನ ನಕಲಿ ಸಿ ಡ್ರೈವ್‌ನಲ್ಲೇ, ಹೆಚ್ಚಾಗಿ ಸ್ಟೀಮ್‌ಯೂಸರ್ ಹೆಸರಿನಡಿಯ ಡಾಕ್ಯುಮೆಂಟ್ಸ್ ಅಥವಾ ಆ್ಯಪ್‌ಡೇಟಾದಲ್ಲಿ. ಅವನ್ನು ಬೇರೆಡೆ ನಕಲು ಮಾಡಿಟ್ಟುಕೊಂಡೇ ಅಳಿಸಿ.