ಎರಡು ಸ್ಟಾರ್ ಕೊಟ್ಟವರು ಏನು ಬರೆದಿದ್ದರು?

1995ರ ಜನವರಿ. ಅಮೆರಿಕದ ಯೂಟಾ ರಾಜ್ಯದಲ್ಲಿ ಸನ್‌ಡಾನ್ಸ್ ಚಿತ್ರೋತ್ಸವ ನಡೆಯುತ್ತಿತ್ತು. ಷಿಕಾಗೊ ಸನ್-ಟೈಮ್ಸ್ ಪತ್ರಿಕೆಯ ವಿಮರ್ಶಕ ರೋಜರ್ ಈಬರ್ಟ್ ಅಲ್ಲಿ ‘ದಿ ಯೂಶುವಲ್ ಸಸ್ಪೆಕ್ಟ್ಸ್’ ನೋಡಲು ಕೂತರು. ನಡುವೆ ಎಲ್ಲೋ ಕಥೆಯ ಎಳೆ ತಪ್ಪಿತು. ಇವತ್ತು ಸಿನಿಮಾ ಜಾಸ್ತಿ ಆಯಿತು, ಅದಕ್ಕೇ ತಲೆ ಓಡ್ತಿಲ್ಲ ಅಂದುಕೊಂಡರು. ವಿಮರ್ಶೆ ಬರೆಯುವ ಹೊತ್ತಿಗೆ ಮತ್ತೊಮ್ಮೆ ನೋಡಿದರು. ಈ ಸಲ ಪಾಠ ಕೇಳುವ ಹುಡುಗನ ಹಾಗೆ ನೋಟ್ಸ್ ಬರೆದುಕೊಂಡರು. ಮತ್ತೆ ಎಳೆ ತಪ್ಪಿತು. ಕೊನೆಗೆ ಪುಟದಲ್ಲಿ ಗೀಚಿದ ಸಾಲಿನ ಅರ್ಥ ಹೆಚ್ಚುಕಡಿಮೆ ಇಷ್ಟು: ನನಗೆ ಅರ್ಥ ಆಗಿರುವಷ್ಟರ ಬಗ್ಗೆಯೂ ನನಗೆ ಆಸಕ್ತಿ ಇಲ್ಲ.

ಕೊಟ್ಟಿದ್ದು ನಾಲ್ಕಕ್ಕೆ ಒಂದೂವರೆ ಸ್ಟಾರ್. ಮುಂದಿನ ವರ್ಷ ಅದೇ ಸಿನಿಮಾಕ್ಕೆ ಎರಡು ಆಸ್ಕರ್ ಬಂದವು. ಅದರಲ್ಲಿ ಒಂದು ಚಿತ್ರಕಥೆಗೆ. ಅಂದರೆ ಈಬರ್ಟ್ ಅವರಿಗೆ ತಲೆಬುಡ ಸಿಗದ ಆ ಕಥೆಗೇ!

ಈಗ ತೊಂಬತ್ತರ ದಶಕದ ಸಿನಿಮಾ ನೋಡಿ ಮುಗಿಸಿದವರಿಗೆ ಒಂದು ಹೊಸ ಚಟ ಅಂಟಿಕೊಂಡಿದೆ. ಸಿನಿಮಾ ಮುಗಿದ ತಕ್ಷಣ ಫೋನ್ ತೆಗೆಯೋದು, ಆಗಿನ ವಿಮರ್ಶಕರು ಏನು ಬರೆದಿದ್ದರು ಅಂತ ಹುಡುಕೋದು. ಹೊಗಳಿದ್ದರೆ ಸುಮ್ನೆ ಮುಂದೆ ಹೋಗೋದು. ಬೈದಿದ್ದರೆ ಹಬ್ಬ. ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ಕಳಿಸಿ, ‘ನೋಡೋ, ಈ ಪುಣ್ಯಾತ್ಮ ಎರಡು ಸ್ಟಾರ್ ಕೊಟ್ಟಿದ್ದ’ ಅಂತ ನಗೋದು. ನಾನೂ ಈ ಆಟ ಸಾಕಷ್ಟು ಆಡಿದ್ದೇನೆ. ಆಡುತ್ತಾ ಆಡುತ್ತಾ ಒಂದು ಅನುಮಾನ ಶುರುವಾಯಿತು. ನಾವು ಓದುತ್ತಿರೋದು ಬರೀ ಸ್ಟಾರನ್ನಾ, ಬರಹವನ್ನಾ?

ಈ ಆಟದಲ್ಲಿ ಈಬರ್ಟ್ ಹೆಸರೇ ಹೆಚ್ಚು ಬರುವುದಕ್ಕೆ ಕಾರಣ ಇದೆ. 1967ರಿಂದ 2013ರಲ್ಲಿ ತೀರಿಕೊಳ್ಳುವವರೆಗೆ ಒಂದೇ ಪತ್ರಿಕೆಗೆ ಬರೆದವರು ಅವರು. 1975ರಲ್ಲಿ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಪಡೆದರು. ಸಿನಿಮಾ ವಿಮರ್ಶೆಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಅವರ ಬರಹಗಳು ಅವರದೇ ವೆಬ್‌ಸೈಟಿನಲ್ಲಿ ಇವತ್ತಿಗೂ ಬಿಟ್ಟಿಯಾಗಿ ಓದಲು ಸಿಗುತ್ತವೆ. ಮೂವತ್ತು ವರ್ಷದ ಹಿಂದೆ ಬರೆದಿದ್ದು ಮೂರು ಸೆಕೆಂಡಿನಲ್ಲಿ ಕಣ್ಣ ಮುಂದೆ ಬಂದರೆ ಸಿಕ್ಕಿಹಾಕಿಕೊಳ್ಳುವವರೂ ಅವರೇ ತಾನೇ. ಅವರಷ್ಟೇ ತಪ್ಪು ಮಾಡಿದ, ಆದರೆ ಪತ್ರಿಕೆ ಎಲ್ಲೋ ಗೋದಾಮಿನಲ್ಲಿ ಧೂಳು ತಿನ್ನುತ್ತಿರುವ ವಿಮರ್ಶಕರು ಬಚಾವ್.

ಇನ್ನೊಂದು ಕಾರಣ ಟಿವಿ. ಷಿಕಾಗೊದಲ್ಲಿ ಸನ್-ಟೈಮ್ಸ್‌ಗೆ ಎದುರಾಳಿ ಪತ್ರಿಕೆ ಟ್ರಿಬ್ಯೂನ್. ಅದರ ವಿಮರ್ಶಕ ಜೀನ್ ಸಿಸ್ಕೆಲ್. ಇಬ್ಬರೂ ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದವರೇ. 1975ರಲ್ಲಿ ಅಲ್ಲಿನ ಸಾರ್ವಜನಿಕ ಟಿವಿ ಚಾನೆಲ್ ಒಂದು ಇಬ್ಬರನ್ನೂ ಅಕ್ಕಪಕ್ಕ ಕೂರಿಸಿತು. ಥಿಯೇಟರ್ ಬಾಲ್ಕನಿಯಂಥ ಸೆಟ್, ಹೊಸ ಸಿನಿಮಾದ ತುಣುಕು, ಆಮೇಲೆ ಜಗಳ. ಕಾರ್ಯಕ್ರಮದ ಹೆಸರು, ಚಾನೆಲ್ ಬದಲಾದವು. ಜೋಡಿ ಮಾತ್ರ 1999ರ ಫೆಬ್ರುವರಿಯಲ್ಲಿ ಸಿಸ್ಕೆಲ್ ಸಾಯುವವರೆಗೂ ಬದಲಾಗಲಿಲ್ಲ. ಎಂಬತ್ತರ ದಶಕದಲ್ಲಿ ಅವರು ಹೆಬ್ಬೆರಳು ಎತ್ತುವ, ಇಳಿಸುವ ಪದ್ಧತಿ ತಂದರು. ‘ಎರಡು ಹೆಬ್ಬೆರಳೂ ಮೇಲೆ’ ಎಂಬ ಮಾತು ಸಿನಿಮಾ ಪೋಸ್ಟರ್‌ಗಳ ಮೇಲೆ ಏರಿತು. ಅವರು ಅದಕ್ಕೆ ಟ್ರೇಡ್‌ಮಾರ್ಕ್ ಕೂಡ ಮಾಡಿಸಿಕೊಂಡರು.

ಆ ಕಾರ್ಯಕ್ರಮದ ಎಷ್ಟೋ ಕಂತುಗಳು ಇವತ್ತು ಉಳಿದಿರುವುದು ಅಭಿಮಾನಿಗಳ ದಯೆಯಿಂದ. ಮನೆಯಲ್ಲಿ ವಿಎಚ್ಎಸ್ ಟೇಪಿಗೆ ರೆಕಾರ್ಡ್ ಮಾಡಿಕೊಂಡಿದ್ದನ್ನು ಅವರು ಯೂಟ್ಯೂಬಿಗೆ ಹಾಕಿದ್ದಾರೆ. ಚಿತ್ರ ನಡುಗುತ್ತದೆ, ಬಣ್ಣ ಸೋರುತ್ತದೆ. ಅಂಥ ಒಂದು ಟೇಪಿನಲ್ಲಿ ಸಿಸ್ಕೆಲ್ ‘ದಿ ಸೈಲೆನ್ಸ್ ಆಫ್ ದ ಲ್ಯಾಂಬ್ಸ್’ಗೆ ಹೆಬ್ಬೆರಳು ಕೆಳಗೆ ಮಾಡುತ್ತಾರೆ. 1991ರ ಸಿನಿಮಾ. ಮುಂದಿನ ವರ್ಷ ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ ಹೀಗೆ ಐದು ದೊಡ್ಡ ಆಸ್ಕರ್‌ಗಳನ್ನು ಬಾಚಿಕೊಂಡಿತು. ಆ ವಿಡಿಯೊ ನೋಡುವವರಿಗೆ ಮುಂದೇನಾಗುತ್ತೆ ಅಂತ ಗೊತ್ತು. ಪಾಪ, ಸಿಸ್ಕೆಲ್‌ಗೆ ಗೊತ್ತಿಲ್ಲ. ಮಜಾ ಇರುವುದೇ ಅಲ್ಲಿ.

ವಿಮರ್ಶಕರನ್ನು ಹೀಗೆ ಕಟಕಟೆಗೆ ನಿಲ್ಲಿಸುವುದು ಇಂಟರ್ನೆಟ್ ಕಾಲದ್ದು ಅಂದುಕೊಳ್ಳಬೇಡಿ. ‘ಟೈಟಾನಿಕ್’ ತೆರೆಗೆ ಬಂದಾಗ ಲಾಸ್ ಏಂಜಲೀಸ್ ಟೈಮ್ಸ್‌ನ ಕೆನೆತ್ ಟುರಾನ್ ಅದನ್ನು ಹಿಗ್ಗಾಮುಗ್ಗಾ ಬೈದರು. ಹಡಗು, ತಂತ್ರಜ್ಞಾನದ ಬಗ್ಗೆ ಅಲ್ಲ ಅವರ ತಕರಾರು. ಬರವಣಿಗೆ ಸಪ್ಪೆ, ಮಾತುಗಳು ಹಳಸಲು ಎಂಬುದು. 1998ರ ಮಾರ್ಚ್‌ನಲ್ಲಿ ಚಿತ್ರಕ್ಕೆ 11 ಆಸ್ಕರ್ ಬಂದವು. ಅದಾದ ಕೆಲವೇ ದಿನಕ್ಕೆ ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಅದೇ ಪತ್ರಿಕೆಗೆ ಕಾಗದ ಬರೆದರು. ಆಗ ಅಮೆರಿಕದಲ್ಲಿ ಅಧ್ಯಕ್ಷ ಕ್ಲಿಂಟನ್ ಅವರನ್ನು ಇಳಿಸಬೇಕೇ ಎಂಬ ಮಾತು ಎದ್ದಿತ್ತು. ಕ್ಲಿಂಟನ್ ವಿಷಯ ಬಿಡಿ, ಟುರಾನ್ ಅವರನ್ನು ಇಳಿಸೋದು ಹೇಗೆ ಹೇಳಿ ಅಂತ ಕ್ಯಾಮರೂನ್ ಕೇಳಿದರು. ಹನ್ನೊಂದು ಆಸ್ಕರ್ ಗೆದ್ದ ಮೇಲೂ ಮನುಷ್ಯನಿಗೆ ಒಂದು ಕೆಟ್ಟ ವಿಮರ್ಶೆ ಚುಚ್ಚುತ್ತಲೇ ಇತ್ತು.

ಆದರೆ ಟುರಾನ್ ಹೇಳಿದ್ದನ್ನೇ ಇವತ್ತು ‘ಟೈಟಾನಿಕ್’ನ ಕಟ್ಟಾ ಅಭಿಮಾನಿಗಳೂ ನಗುತ್ತಾ ಒಪ್ಪುತ್ತಾರೆ. ಮಾತಿಗೊಮ್ಮೆ ಜ್ಯಾಕ್, ಮಾತಿಗೊಮ್ಮೆ ರೋಸ್. ಸಂಭಾಷಣೆ ಸಾಧಾರಣ ಅಂತ ಗೊತ್ತಿದ್ದೂ ಹಡಗು ಮುಳುಗುವಾಗ ಅಳುತ್ತಾರೆ. ಟುರಾನ್ ಕಂಡಿದ್ದು ಸುಳ್ಳಲ್ಲ. ಜನರಿಗೆ ಅದು ಮುಖ್ಯ ಆಗಲಿಲ್ಲ, ಅಷ್ಟೇ.

‘ಫೈಟ್ ಕ್ಲಬ್’ ಇದಕ್ಕಿಂತ ಒಳ್ಳೆಯ ಉದಾಹರಣೆ. 1999ರ ಅಕ್ಟೋಬರ್‌ನಲ್ಲಿ ತೆರೆಕಂಡಿತು. ಅದೇ ಏಪ್ರಿಲ್‌ನಲ್ಲಿ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ಹುಡುಗರು ಗುಂಡು ಹಾರಿಸಿ ಸಹಪಾಠಿಗಳನ್ನು ಕೊಂದಿದ್ದರು. ಹಿಂಸೆಯ ಸಿನಿಮಾ ಅಂದರೆ ಎಲ್ಲರೂ ಹುಬ್ಬುಗಂಟಿಕ್ಕುತ್ತಿದ್ದ ಹೊತ್ತು. ಈಬರ್ಟ್ ಎರಡು ಸ್ಟಾರ್ ಕೊಟ್ಟರು, ಫ್ಯಾಸಿಸ್ಟ್ ಅಂತಲೂ ಕರೆದರು. ಸಿನಿಮಾ ಅಮೆರಿಕದ ಥಿಯೇಟರ್‌ಗಳಲ್ಲಿ ಹಾಕಿದ ದುಡ್ಡನ್ನೂ ತೆಗೆಯಲಿಲ್ಲ. ಮರುವರ್ಷ ಡಿವಿಡಿ ಬಂದ ಮೇಲೆ ಹುಡುಗರ ಹಾಸ್ಟೆಲ್‌ಗಳಲ್ಲಿ ಕೈಯಿಂದ ಕೈಗೆ ಹೋಗಿ ಗೆದ್ದಿತು. ಆ ಎರಡು ಸ್ಟಾರ್ ಈಗ ಜೋಕ್.

ಆ ವಿಮರ್ಶೆಯನ್ನು ಪೂರ್ತಿ ಓದಿ. ಅದರಲ್ಲಿ ಒಂದು ಊಹೆ ಇದೆ. ಬುದ್ಧಿವಂತರು ಇದನ್ನು ಹಿಂಸೆಯ ವಿರುದ್ಧದ ವಾದ ಅಂತ ಸಮರ್ಥಿಸಿಕೊಳ್ಳಬಹುದು, ಆದರೆ ಪ್ರೇಕ್ಷಕರಿಗೆ ಹಿಡಿಸೋದು ಆ ನಡವಳಿಕೆ, ವಾದ ಅಲ್ಲ ಎಂಬ ಅರ್ಥದ ಮಾತು. ಮುಂದೆ ಆಗಿದ್ದೂ ಅದೇ ಅಲ್ವಾ? ನಾಯಕನ ತಲೆಯೊಳಗಿನ ಆ ಟೈಲರ್ ಡರ್ಡನ್ ಎಂಬ ಪೀಡೆಯನ್ನೇ ಗುರು ಅಂತ ಗೋಡೆಗೆ ಅಂಟಿಸಿಕೊಂಡ ಹುಡುಗರು ಎಷ್ಟು ಜನ! ಅಂದರೆ ಸ್ಟಾರ್ ತಪ್ಪಿತು, ಸಾಲು ತಪ್ಪಲಿಲ್ಲ. ಸ್ಕ್ರೀನ್‌ಶಾಟಿನಲ್ಲಿ ಸ್ಟಾರ್ ಕಾಣುತ್ತೆ, ಸಾಲು ಕಾಣಲ್ಲ.

ಈಬರ್ಟ್ ಮುಂದೆ ಕೊಲರಾಡೊದಲ್ಲಿ ವಿದ್ಯಾರ್ಥಿಗಳ ಜೊತೆ ಇದೇ ಸಿನಿಮಾವನ್ನು ಒಂದೊಂದೇ ಶಾಟ್ ನಿಲ್ಲಿಸಿ ನೋಡಿದರು. ಆಮೇಲೂ ಮನಸ್ಸು ಬದಲಾಗಲಿಲ್ಲ. ಕಸುಬುದಾರಿಕೆ ಮೇಲೆ ಗೌರವ ಹೆಚ್ಚಾಯಿತು, ಅದರ ವಿಚಾರದ ಮೇಲೆ ಇನ್ನಷ್ಟು ಕಡಿಮೆಯಾಯಿತು. ಇನ್ನೊಂದು ವಿಷಯ. ‘ಆಗಿನ ವಿಮರ್ಶಕರಿಗೆ ಅರ್ಥವಾಗಲಿಲ್ಲ’ ಅಂತ ನಾವು ಎಲ್ಲರನ್ನೂ ಒಂದೇ ಗಂಟಿಗೆ ಕಟ್ಟುತ್ತೇವೆ. ಅದೇ ವಾರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜಾನೆಟ್ ಮ್ಯಾಸ್ಲಿನ್ ‘ಫೈಟ್ ಕ್ಲಬ್’ ಅನ್ನು ಮೆಚ್ಚಿ ಬರೆದಿದ್ದರು. ಅವರ ಸ್ಕ್ರೀನ್‌ಶಾಟ್ ಯಾರೂ ಕಳಿಸಲ್ಲ. ಸರಿ ಹೇಳಿದವರಿಗೆ ಬೆಲೆ ಕಡಿಮೆ.

ಇನ್ನು ‘ದಿ ಶಾಶಾಂಕ್ ರಿಡೆಂಪ್ಶನ್’ ವಿಷಯದಲ್ಲಿ ನಮ್ಮ ನೆನಪೇ ಕೈಕೊಡುತ್ತದೆ. 1994ರಲ್ಲಿ ಬಂದಾಗ ಮುಗ್ಗರಿಸಿದ ಸಿನಿಮಾ. 2.5 ಕೋಟಿ ಡಾಲರ್ ಹಾಕಿ ಮಾಡಿದ್ದು, ಮೊದಲ ಸುತ್ತಿನಲ್ಲಿ ಬಂದಿದ್ದು ಸುಮಾರು 1.6 ಕೋಟಿ. ಏಳು ಆಸ್ಕರ್ ನಾಮನಿರ್ದೇಶನ ಬಂತು, ಒಂದೂ ಗೆಲ್ಲಲಿಲ್ಲ. ಆಮೇಲೆ ಕ್ಯಾಸೆಟ್ ಅಂಗಡಿಗಳಲ್ಲಿ, ಕೇಬಲ್ ಟಿವಿಯಲ್ಲಿ ಪದೇ ಪದೇ ಬಂದು ಬಂದು ಮನೆಮಾತಾಯಿತು. ಐಎಂಡಿಬಿ ವೆಬ್‌ಸೈಟಿನಲ್ಲಿ ಪ್ರೇಕ್ಷಕರು ಅಂಕ ಕೊಟ್ಟು ಮಾಡಿದ ಪಟ್ಟಿಯಲ್ಲಿ 2008ರಿಂದ ಮೊದಲ ಸ್ಥಾನದಲ್ಲಿ ಕೂತಿದೆ. ಹಾಗಾಗಿ ‘ವಿಮರ್ಶಕರು ಈ ರತ್ನವನ್ನು ಗುರುತಿಸಲಿಲ್ಲ’ ಅಂತ ನಾವು ಅಂದುಕೊಂಡಿದ್ದೇವೆ. ತೆಗೆದು ನೋಡಿದರೆ ಬಹುಪಾಲು ವಿಮರ್ಶೆಗಳು ಚೆನ್ನಾಗಿಯೇ ಇವೆ. ಈಬರ್ಟ್ ಮೂರೂವರೆ ಸ್ಟಾರ್ ಕೊಟ್ಟಿದ್ದರು. ಥಿಯೇಟರಿಗೆ ಹೋಗದೆ ಇದ್ದವರು ನಾವು. ಬೈಸಿಕೊಂಡವರು ಅವರು.

ನಾವು ಅಂದೆ. ಸರಿಯಾಗಿ ಹೇಳಬೇಕೆಂದರೆ ಕನ್ನಡನಾಡಿನ ನಾವು ಆ ಲೆಕ್ಕಕ್ಕೇ ಬರಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬ್ರಿಗೇಡ್ ರೋಡಿನ ರೆಕ್ಸ್, ಎಂ.ಜಿ. ರೋಡಿನ ಪ್ಲಾಜಾದಂಥ ಥಿಯೇಟರ್‌ಗಳಿಗೆ ಹೋಗುತ್ತಿದ್ದವರನ್ನು ಬಿಟ್ಟರೆ, ಉಳಿದವರಿಗೆ ಈ ಸಿನಿಮಾಗಳು ಸಿಕ್ಕಿದ್ದು ಕ್ಯಾಸೆಟ್ಟಿನಲ್ಲಿ, ಕೇಬಲ್ಲಿನಲ್ಲಿ, ಆಮೇಲೆ ಸಿಡಿಯಲ್ಲಿ. ಅಷ್ಟು ಹೊತ್ತಿಗೆ ಅವು ‘ಕ್ಲಾಸಿಕ್’ ಅಂತ ಹಣೆಪಟ್ಟಿ ಕಟ್ಟಿಕೊಂಡೇ ಬಂದಿದ್ದವು. ಬಿಡುಗಡೆಯ ವಾರ, ಯಾರೂ ಏನೂ ಹೇಳದೆ ಇದ್ದಾಗ ಕತ್ತಲಲ್ಲಿ ಕೂತು ನೋಡಿದವನ ಕಷ್ಟ ನಮಗೆ ಗೊತ್ತಾಗೋದು ಸ್ವಲ್ಪ ಕಷ್ಟವೇ.

ದಿನಪತ್ರಿಕೆ ವಿಮರ್ಶಕರ ಕೆಲಸ ಅದು. ವಾರಕ್ಕೆ ನಾಲ್ಕೈದು ಸಿನಿಮಾ, ಸಾಮಾನ್ಯವಾಗಿ ಒಂದೇ ಸಲ ನೋಡೋದು, ಗಡಿಯಾರ ನೋಡಿಕೊಂಡು ಬರೆಯೋದು. 1991ರಲ್ಲಿ ನಿವೃತ್ತರಾದ ನ್ಯೂಯಾರ್ಕರ್ ಪತ್ರಿಕೆಯ ಪಾಲೀನ್ ಕೇಲ್ ಅಂತೂ ಒಂದು ಸಿನಿಮಾವನ್ನು ಎರಡನೇ ಸಲ ನೋಡೋದೇ ಇಲ್ಲ ಅಂತ ಹಟ ಹಿಡಿದಿದ್ದವರು. ಮೊದಲ ಏಟಿಗೆ ಏನು ಅನ್ನಿಸಿತೋ ಅದೇ ಅವರಿಗೆ ನಿಜ. ನಾವೋ ಹತ್ತನೇ ಸಲ ನೋಡಿ, ಅರ್ಧ ಡೈಲಾಗ್ ಬಾಯಿಪಾಠ ಮಾಡಿಕೊಂಡು, ಮೊದಲ ಸಲ ನೋಡಿದವರ ಜೊತೆ ವಾದಕ್ಕೆ ನಿಲ್ಲುತ್ತೇವೆ.

ತನ್ನ ತಪ್ಪನ್ನು ತಾನೇ ಹಿಡಿದ ಪ್ರಸಂಗವೂ ಈಬರ್ಟ್ ಬರಹದಲ್ಲೇ ಸಿಗುತ್ತದೆ. ‘ಗ್ರೌಂಡ್‌ಹಾಗ್ ಡೇ’ 1993ರಲ್ಲಿ ಬಂದಾಗ ಅವರು ಕೊಟ್ಟಿದ್ದು ಮೂರು ಸ್ಟಾರ್. 2005ರಲ್ಲಿ ಅದನ್ನೇ ತಮ್ಮ ‘ಮಹಾನ್ ಚಿತ್ರಗಳು’ ಸಾಲಿಗೆ ಸೇರಿಸಿದರು. ಆಗ ಕಡಿಮೆ ಅಂದಾಜು ಮಾಡಿದ್ದೆ, ಸಿನಿಮಾ ಎಷ್ಟು ಸಲೀಸಾಗಿ ಖುಷಿ ಕೊಟ್ಟಿತೆಂದರೆ ಅದರ ದೊಡ್ಡತನ ಗಮನಕ್ಕೇ ಬರಲಿಲ್ಲ ಎಂಬ ಅರ್ಥದಲ್ಲಿ ಬರೆದರು. ಒಬ್ಬ ಮನುಷ್ಯ ಒಂದೇ ದಿನವನ್ನು ಮತ್ತೆ ಮತ್ತೆ ಬದುಕಿ ಬದುಕಿ ಕೊನೆಗೆ ಸರಿಹೋಗುವ ಕಥೆ ಅದು. ಅಂಥ ಸಿನಿಮಾವನ್ನು ಒಂದೇ ಸಲ ನೋಡಿ ಅಳೆಯೋದು ಹೇಗೆ ಸಾಧ್ಯ? ನನಗೆ ಇಷ್ಟವಾಗಿದ್ದು, ಅವರು ಹಳೆಯ ಮೂರು ಸ್ಟಾರನ್ನು ಅಳಿಸಲಿಲ್ಲ. ಎರಡೂ ಬರಹ ಇವತ್ತಿಗೂ ಆ ವೆಬ್‌ಸೈಟಿನಲ್ಲಿವೆ.

1998ರ ಆಗಸ್ಟ್‌ನಲ್ಲಿ ಆಟದ ನಿಯಮವೇ ಬದಲಾಯಿತು. ಜಾಕಿ ಚಾನ್ ಅಭಿಮಾನಿ ಸೆನ್ ಡುವಾಂಗ್ ಎಂಬ ಯುವಕ ಅವನ ಚಿತ್ರಗಳ ವಿಮರ್ಶೆಗಳನ್ನೆಲ್ಲ ಒಂದೇ ಕಡೆ ಸೇರಿಸೋಣ ಅಂತ ಹೊರಟು ರಾಟನ್ ಟೊಮ್ಯಾಟೋಸ್ ಎಂಬ ವೆಬ್‌ಸೈಟ್ ಶುರುಮಾಡಿದ. ಬರಹ ಹೋಗಿ, ಶೇಕಡಾ ಎಷ್ಟು ವಿಮರ್ಶಕರು ಮೆಚ್ಚಿದರು ಎಂಬ ಲೆಕ್ಕ ಬಂತು. 60 ಮುಟ್ಟಿದರೆ ತಾಜಾ, ಇಲ್ಲದಿದ್ದರೆ ಕೊಳೆತದ್ದು. ಇಲ್ಲೊಂದು ಪೇಚು ಇದೆ. ತೊಂಬತ್ತರ ಸಿನಿಮಾದ ಪುಟದಲ್ಲಿ ಆಗಿನ ಪತ್ರಿಕಾ ವಿಮರ್ಶೆಗಳ ಜೊತೆಗೆ, ಹತ್ತಿಪ್ಪತ್ತು ವರ್ಷ ಬಿಟ್ಟು ಬರೆದ ವಿಮರ್ಶೆಗಳೂ ಸೇರಿಕೊಂಡಿರುತ್ತವೆ. ಹೊಸಬರು ಅಷ್ಟರಲ್ಲಿ ಸಿನಿಮಾ ಗೆದ್ದಿದ್ದು ಗೊತ್ತಿದ್ದೇ ಬರೆದವರು. ಆ ಅಂಕಿಯನ್ನು ತೋರಿಸಿ ‘ಆಗ ವಿಮರ್ಶಕರು ಹೀಗಂದಿದ್ದರು’ ಅನ್ನೋದು, ಇಂದಿನ ಹಾಲನ್ನು ನಿನ್ನೆಯ ಮೊಸರಿಗೆ ಬೆರೆಸಿ ರುಚಿ ನೋಡಿದ ಹಾಗೆ.

ನಮ್ಮಲ್ಲಿ ಈ ಆಟ ಆಡೋಣ ಅಂದರೆ ಕಾಯಿಗಳೇ ಸಿಗಲ್ಲ. ಸಿನಿಮಾಗಳೇನೋ ವಾಪಸ್ ಬರುತ್ತಿವೆ. 1995ರ ‘ಓಂ’ ಎಷ್ಟು ಸಲ ಮತ್ತೆ ತೆರೆಗೆ ಬಂದಿದೆ ಅಂತ ಎಣಿಸೋದೇ ಒಂದು ಕೆಲಸ. ಉಪೇಂದ್ರ ಅವರ 1998ರ ‘ಎ’ 2024ರಲ್ಲಿ ಮತ್ತೆ ಬಂದಾಗ, ಅದು ಮೊದಲು ಬಂದಾಗ ಹುಟ್ಟೇ ಇಲ್ಲದವರು ಥಿಯೇಟರಿನಲ್ಲಿ ಶಿಳ್ಳೆ ಹೊಡೆದರು. ಹಿಂದುಮುಂದಾಗಿ ಓಡುವ ಆ ಕಥೆಯನ್ನು ಒಂದೇ ಸಲ ನೋಡಿ, ರಾತ್ರಿಯೊಳಗೆ ಬರೆದುಕೊಟ್ಟ ವಿಮರ್ಶಕರ ಪಾಡು ಏನಾಗಿತ್ತು? ಓದಲು ನನಗೆ ಆಸೆ. ಆದರೆ ಯಾವ ಕಂಪ್ಯೂಟರಿನಲ್ಲಾದರೂ ಅಕ್ಷರ ಒಂದೇ ಥರ ಕಾಣುವಂತೆ ಮಾಡುವ ಯೂನಿಕೋಡ್ ಆಗ ಕನ್ನಡದಲ್ಲಿ ಬಳಕೆಗೆ ಬಂದಿರಲಿಲ್ಲ. ಪತ್ರಿಕೆಗಳ ಸಿನಿಮಾ ಪುಟ ಕಾಗದದ ಮೇಲೆ ಹುಟ್ಟಿ ಬಹುತೇಕ ಕಾಗದದ ಮೇಲೆಯೇ ಉಳಿದವು. ಬೇಕಾದವರು ಲೈಬ್ರರಿಗೆ ಹೋಗಿ, ಬೈಂಡ್ ಮಾಡಿಸಿದ ಸಂಪುಟ ಇಳಿಸಿಕೊಂಡು, ಪುಟ ಮುರಿಯದ ಹಾಗೆ ತಿರುವಬೇಕು. ಅಷ್ಟು ಕಷ್ಟಪಟ್ಟು ಹುಡುಕಿದವರು ಸ್ಟಾರ್ ನೋಡಿ ನಕ್ಕು ಎದ್ದು ಬರಲ್ಲ, ಪೂರ್ತಿ ಓದೇ ಓದುತ್ತಾರೆ.

ಕಳೆದ ವರ್ಷ ಮನೆ ಬದಲಾಯಿಸುವಾಗ ಅಮ್ಮನ ಕಬ್ಬಿಣದ ಟ್ರಂಕ್ ಖಾಲಿ ಮಾಡಿದೆ. ತಳಕ್ಕೆ ಹಾಸಿದ ನ್ಯೂಸ್‌ಪೇಪರ್ ಚಹದ ಬಣ್ಣಕ್ಕೆ ತಿರುಗಿತ್ತು. ಒಂದು ಮೂಲೆಯಲ್ಲಿ ‘25ನೇ ದಿನ’ ಅಂತ ಜಾಹೀರಾತು, ಅದರ ಪಕ್ಕ ಒಂದು ವಿಮರ್ಶೆ. ಟ್ರಂಕಿನ ಅಳತೆಗೆ ಅಮ್ಮ ಕತ್ತರಿ ಹಾಕಿದ್ದರಿಂದ ಮೇಲಿನ ಅರ್ಧ ಇರಲಿಲ್ಲ. ಛಾಯಾಗ್ರಹಣ ಕಣ್ಣಿಗೆ ತಂಪು, ವಿರಾಮದ ನಂತರ ಕಥೆ ಎಳೆದಂತಾಗಿದೆ, ನಾಯಕಿಗೆ ಅಳುವುದು ಬಿಟ್ಟು ಬೇರೆ ಕೆಲಸವಿಲ್ಲ ಅಂತ ಬರೆದಿತ್ತು. ಯಾವ ಸಿನಿಮಾ ಅಂತ ಅಮ್ಮನನ್ನು ಕೇಳಿದೆ. ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು.

‘ಯಾವುದಾದರೂ ಇರಬಹುದಪ್ಪ. ನಾವಂತೂ ನೋಡಿ ಅತ್ತಿರ್ತೀವಿ.’