ನೀರು ಬೆಚ್ಚಗಾಗುವ ತನಕ

ಮಾಘ ಮಾಸದ ಕೊನೆಯ ವಾರಗಳಲ್ಲಿ ಕಲಬುರಗಿ, ಬೀದರ್ ಸೀಮೆಯಲ್ಲಿ ಗಾಳ ಹಾಕುವವರಿಗೆ ಆಗುವಷ್ಟು ಬೇಸರ ವರ್ಷದ ಬೇರೆ ಯಾವ ಕಾಲದಲ್ಲೂ ಆಗುವುದಿಲ್ಲ. ನಸುಕಿನ ಚಳಿ ಸಡಿಲಿರುತ್ತದೆ. ಹತ್ತು ಗಂಟೆಗೆಲ್ಲ ಬೆನ್ನ ಮೇಲೆ ಬಿಸಿಲು ಚುರುಗುಟ್ಟುತ್ತದೆ. ಹೊಲದಲ್ಲಿ ಹಿಂಗಾರಿ ಜೋಳದ ತೆನೆ ಬಲಿತಿರುತ್ತದೆ, ಕುಸುಬೆ ಹೂ ಒಣಗುತ್ತಿರುತ್ತದೆ. ಚಳಿಗಾಲ ಮುಗಿಯಿತೆಂದುಕೊಂಡು ಬೆಣ್ಣೆತೊರಾ ಜಲಾಶಯದ ದಂಡೆಗೋ ಕಾರಂಜಾ ಹಿನ್ನೀರಿಗೋ ಹೋಗಿ ಕುಳಿತರೆ, ಜೋಳದ ದಂಟಿನ ಬೆಂಡು ನೀರಿನ ಮೇಲೆ ಇಟ್ಟಲ್ಲೇ ಇರುತ್ತದೆ. ಕೆರೆಯಲ್ಲಿ ಮೀನೇ ಉಳಿದಿಲ್ಲ ಎಂದು ಎದ್ದು ಹೋಗುವವರನ್ನು ನೋಡಿದಾಗಲೆಲ್ಲ ನನಗೆ ತಡೆದು ಮಾತನಾಡಿಸಬೇಕೆನಿಸುತ್ತದೆ. ಮೀನು ಅಲ್ಲೇ ಇದೆ. ಅದಕ್ಕಿನ್ನೂ ಹಸಿವು ಮರಳಿಲ್ಲ.

ಶಿವರಾತ್ರಿ ಬಂದರೆ ಚಳಿ ‘ಶಿವ ಶಿವಾ’ ಎನ್ನುತ್ತಾ ಓಡಿಹೋಗುತ್ತದೆ ಎಂದು ನಮ್ಮ ಹಿರಿಯರು ಹೇಳಿದ್ದು ಗಾಳಿಯ ಲೆಕ್ಕ. ನೀರಿಗೆ ಅದರದೇ ಪಂಚಾಂಗವಿದೆ. ಅದು ಗಾಳಿಯ ಪಂಚಾಂಗಕ್ಕಿಂತ ಹಿಂದೆ ಬಿದ್ದು ನಡೆಯುತ್ತದೆ, ಮೀನು ನಂಬುವುದು ಅದನ್ನೇ.

ನಮ್ಮ ದೇಹ ತನ್ನ ಬಿಸಿಯನ್ನು ತಾನೇ ಕಾಯ್ದುಕೊಳ್ಳುತ್ತದೆ. ಹೊರಗೆ ಚಳಿ ಹೆಚ್ಚಿದಷ್ಟೂ ನಮಗೆ ಹಸಿವು ಹೆಚ್ಚು. ಮೀನಿನ ಕಥೆ ತಿರುವುಮುರುವು. ಸುತ್ತಲಿನ ನೀರು ಎಷ್ಟು ಬೆಚ್ಚಗಿದೆಯೋ ಅದರ ಮೈಯೂ ಬಹುಮಟ್ಟಿಗೆ ಅಷ್ಟೇ ಬೆಚ್ಚಗಿರುತ್ತದೆ. ಮೈಯೊಳಗಿನ ರಾಸಾಯನಿಕ ಕ್ರಿಯೆಗಳು ಉಷ್ಣತೆ 10 ಡಿಗ್ರಿ ಇಳಿದರೆ ಸರಿಸುಮಾರು ಅರ್ಧಕ್ಕೋ ಮೂರನೆಯ ಒಂದು ಭಾಗಕ್ಕೋ ನಿಧಾನಗೊಳ್ಳುತ್ತವೆ. ಹೃದಯದ ಬಡಿತ, ಉಸಿರಾಟ, ಜೀರ್ಣಶಕ್ತಿ ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಬೇಸಿಗೆಯಲ್ಲಿ ಬೇಗ ಕರಗುವ ತುತ್ತು ಚಳಿಯಲ್ಲಿ ಹೊಟ್ಟೆಯಲ್ಲೇ ಬಹಳ ಹೊತ್ತು ಉಳಿಯುತ್ತದೆ. ಹೊಟ್ಟೆ ಖಾಲಿಯಾಗದವನ ಮುಂದೆ ಎಂಥ ಎರೆಹುಳು ಇಟ್ಟರೇನು? ನಮ್ಮ ಕೆರೆಗಳ ಕಾಟ್ಲಾ, ರೋಹು, ಮೃಗಾಲ್‌ಗಳಿಗೆ ಹಿತವಾದ ನೀರು ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್. 20ಕ್ಕಿಂತ ಕೆಳಗಿಳಿದರೆ ಅವುಗಳ ಮೇವು ಎದ್ದು ಕಾಣುವಷ್ಟು ತಗ್ಗುತ್ತದೆ.

ಆದರೆ ಫೆಬ್ರವರಿಯ ಮಧ್ಯಾಹ್ನದ ಬಿಸಿಲು ಅಷ್ಟು ಖಾರವಾಗಿದ್ದೂ ನೀರೇಕೆ ಬೇಗ ಕಾಯುವುದಿಲ್ಲ? ಒಂದು ಘನ ಮೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಾಖ, ಅಷ್ಟೇ ಗಾತ್ರದ ಗಾಳಿಗೆ ಬೇಕಾದುದಕ್ಕಿಂತ 3,000 ಪಟ್ಟಿಗೂ ಹೆಚ್ಚು. ಹೀಗಾಗಿ ನೀರು ಬಿಸಿಯಾಗುವುದೂ ತಡ, ತಣ್ಣಗಾಗುವುದೂ ತಡ. ಎಳ್ಳ ಅಮಾವಾಸ್ಯೆಯ ಸುಮಾರಿಗೆ, ಚಳಿ ಕೊರೆಯುವ ಬೆಳಗಿನಲ್ಲಿ ಕೆರೆಯ ಮೇಲೆ ಮಂಜಿನಂಥ ಹಬೆ ಏಳುವುದನ್ನು ಕಂಡವರಿಗೆ ಇದು ಹೊಸತಲ್ಲ. ಆಗ ಗಾಳಿಗಿಂತ ನೀರೇ ಬೆಚ್ಚಗಿರುತ್ತದೆ. ಫೆಬ್ರವರಿಯ ಮಧ್ಯಾಹ್ನ ಸ್ಥಿತಿ ಅದಲುಬದಲಾಗಿರುತ್ತದೆ.

ನಮ್ಮ ಸೀಮೆಯಲ್ಲಿ ಇದರ ಜೊತೆಗೆ ಇನ್ನೊಂದು ಅಡ್ಡಿ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ತಿಂಗಳುಗಳಲ್ಲಿ ಬಯಲುಸೀಮೆಯ ಮೇಲೆ ಬೀಸುವುದು ತೇವ ಕಡಿಮೆಯಿರುವ ಒಣಗಾಳಿ. ತುಟಿ, ಅಂಗೈ ಒಡೆಯುವಂತೆ ಮಾಡುವ ಗಾಳಿಯೇ ಕೆರೆಯ ಮೇಲ್ಮೈಯಿಂದಲೂ ನೀರನ್ನು ಹೀರುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ, ಸುಮಾರು 580 ಲೀಟರ್ ನೀರನ್ನು ಒಂದು ಡಿಗ್ರಿ ತಣಿಸುವಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಮಣ್ಣಿನ ಗಡಿಗೆಯಲ್ಲಿ ಕುಡಿಯುವ ನೀರು ತಣ್ಣಗಾಗುವುದು ಹೀಗೆಯೇ. ಇಲ್ಲಿ ಕೆರೆಗೆ ಕೆರೆಯೇ ಗಡಿಗೆ. ಹಗಲಿಡೀ ಸೂರ್ಯ ಕೊಟ್ಟಿದ್ದರಲ್ಲಿ ಒಂದು ಪಾಲನ್ನು ಒಣಗಾಳಿ ಕಿತ್ತುಕೊಳ್ಳುತ್ತದೆ. ರಾತ್ರಿ ಮೋಡವಿಲ್ಲದ ಆಕಾಶಕ್ಕೆ ಇನ್ನೊಂದು ಪಾಲು ಸೋರಿಹೋಗುತ್ತದೆ. ತಣ್ಣಗಾದ ಮೇಲ್ಪದರ ಭಾರವಾಗಿ ಕೆಳಗಿಳಿದು, ಕೆಳಗಿನ ನೀರು ಮೇಲೆ ಬರುತ್ತದೆ. ಒಂದು ಗೇಣು ನೀರು ಕಾದರೆ ಸಾಲದು, ಇಡೀ ಕೆರೆ ಕಾಯಬೇಕು. ಬೀದರ್ ಪ್ರಸ್ಥಭೂಮಿ ಸಮುದ್ರಮಟ್ಟದಿಂದ 600 ಮೀಟರ್‌ಗಿಂತ ಎತ್ತರದಲ್ಲಿದೆ, ರಾತ್ರಿಯ ಚಳಿ ಅಲ್ಲಿ ಹೆಚ್ಚು. ಕಲಬುರಗಿಯೂ ಯಾದಗಿರಿಯೂ ಅದಕ್ಕಿಂತ ತಗ್ಗಿನಲ್ಲಿವೆ.

ಗಾಳ ಹಾಕುವವರು ಒಂದು ಥರ್ಮಾಮೀಟರ್ ಇಟ್ಟುಕೊಳ್ಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ. ದಾರಕ್ಕೆ ಕಟ್ಟಿ ಬರಿದೇ ಇಳಿಬಿಟ್ಟರೆ ಮೇಲೆತ್ತುವಷ್ಟರಲ್ಲಿ ಅಂಕಿ ಬದಲಾಗಿರುತ್ತದೆ. ಅಗಲ ಬಾಯಿಯ ಒಂದು ಬಾಟಲಿಯೊಳಗೆ ಥರ್ಮಾಮೀಟರ್ ಇಟ್ಟು, ಬಾಟಲಿಯ ಕೊರಳಿಗೆ ದಾರವನ್ನೂ ತಳಕ್ಕೆ ಕಲ್ಲನ್ನೂ ಕಟ್ಟಿ, ಗಾಳ ಎಷ್ಟು ಆಳದಲ್ಲಿದೆಯೋ ಅಷ್ಟಕ್ಕೆ ಇಳಿಸಬೇಕು. ನೀರು ತುಂಬಿದ ಮೇಲೆ ಐದಾರು ನಿಮಿಷ ಬಿಟ್ಟು ಎತ್ತಿದರೆ, ಆ ಆಳದ ನೀರೇ ಬಾಟಲಿಯಲ್ಲಿ ಥರ್ಮಾಮೀಟರನ್ನು ಸುತ್ತುವರಿದು ಬರುತ್ತದೆ. ಮೇಲಿನ ಅಂಕಿಗೂ ಆಳದ ಅಂಕಿಗೂ ಇರುವ ವ್ಯತ್ಯಾಸ ನೋಡಿದವರು ಮುಂದೆಂದೂ ಬೆನ್ನಿಗೆ ತಾಗಿದ ಬಿಸಿಲನ್ನು ನಂಬಿ ಹೊರಡುವುದಿಲ್ಲ.

ಥರ್ಮಾಮೀಟರ್ ಇಲ್ಲದವರಿಗೆ ಕೆರೆಯೇ ಒಂದನ್ನು ಕೊಟ್ಟಿದೆ: ಮುರಲ್ ಮೀನು. ಹಾವಿನಂಥ ತಲೆಯ, ಉದ್ದ ಮೈಯ ಈ ಮೀನಿಗೆ ಕಿವಿರುಗಳಷ್ಟೇ ಸಾಲವು. ಕಿವಿರುಗಳ ಮೇಲ್ಭಾಗದಲ್ಲಿ, ತಲೆಯೊಳಗೆ, ರಕ್ತನಾಳಗಳು ದಟ್ಟವಾಗಿ ಹರಡಿರುವ ಎರಡು ಪುಟ್ಟ ಕೋಣೆಗಳಿವೆ. ಮೀನು ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಆ ಕೋಣೆಗಳಲ್ಲಿ ತುಂಬಿಕೊಂಡು ಮತ್ತೆ ಕೆಳಗೆ ಹೋಗುತ್ತದೆ. ಮೇಲೆ ಬರದಂತೆ ತಡೆದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಜೊಂಡು ಬೆಳೆದ ದಡದಲ್ಲಿ ಅಲುಗಾಡದೆ ಕುಳಿತರೆ ಅದು ಬಂದುಹೋಗುವುದು ಕಾಣುತ್ತದೆ. ಮೂತಿಯ ತುದಿ ಮಾತ್ರ ನೀರನ್ನು ಸೀಳುತ್ತದೆ, ‘ಗುಳುಕ್’ ಎಂಬ ಸಣ್ಣ ಸದ್ದು, ಒಂದು ಉಂಗುರ, ಎರಡು ಗುಳ್ಳೆ. ಇನ್ನು ಅದೇ ಜಾಗದಲ್ಲಿ ಮುಂದಿನ ಗುಳುಕ್ ಯಾವಾಗ ಎಂದು ಗಡಿಯಾರ ನೋಡಬೇಕು. ನೀರು ತಣ್ಣಗಿದ್ದಾಗ ಮೀನಿನ ಮೈ ಖರ್ಚು ಮಾಡುವ ಆಮ್ಲಜನಕ ಕಡಿಮೆ, ತಣ್ಣೀರಿನಲ್ಲಿ ಕರಗಿರುವ ಆಮ್ಲಜನಕ ಹೆಚ್ಚು. ಆದ್ದರಿಂದ ಎರಡು ಗುಟುಕುಗಳ ನಡುವಿನ ಅಂತರ ಉದ್ದವಾಗಿರುತ್ತದೆ. ನೀರು ಬೆಚ್ಚಗಾದಂತೆ ಅಂತರ ಕುಗ್ಗುತ್ತದೆ. ಒಂದು ಜೀವದ ಉರಿಯುವ ವೇಗವನ್ನು ಯಾವ ಉಪಕರಣವೂ ಇಲ್ಲದೆ ಬರಿಗಣ್ಣಿನಿಂದ ಅಳೆಯುವ ಅವಕಾಶ ಪ್ರಕೃತಿಯಲ್ಲಿ ಅಪರೂಪ. ಶಾಲೆಯ ಮಕ್ಕಳನ್ನು ವಿಜ್ಞಾನದ ಪಾಠಕ್ಕೆ ಕರೆದೊಯ್ಯಬೇಕಾದ ಜಾಗಗಳಲ್ಲಿ ಊರಿನ ಕೆರೆಯ ಜೊಂಡಿನ ದಡವೂ ಒಂದು ಎಂದು ನಾನು ನಂಬಿದ್ದೇನೆ.

ಇದೇ ಹೊತ್ತಿಗೆ ಸುಮಾರು ಸಾವಿರ ಮೈಲಿ ಉತ್ತರದಲ್ಲಿ ಇನ್ನೊಂದು ಬಗೆಯ ಕಾಯುವಿಕೆ ನಡೆದಿರುತ್ತದೆ. ಹಿಮಾಚಲ ಪ್ರದೇಶದ ತೀರ್ಥನ್‌ನಂಥ ನದಿಗಳಲ್ಲಿ ಟ್ರೌಟ್ ಮೀನು ಹಿಡಿಯುವುದಕ್ಕೆ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ನಿಷೇಧವಿದೆ. ಅಲ್ಲಿನವರ ಮೆಚ್ಚಿನ ವಿಧಾನ ಫ್ಲೈ ಫಿಶಿಂಗ್: ಸಣ್ಣ ಗಾಳಕ್ಕೆ ಹುಂಜದ ಕತ್ತಿನ ಗರಿ, ನೂಲು, ತುಪ್ಪಳ ಸುತ್ತಿ ನೀರುಹುಳುವಿನ ರೂಪ ಕೊಟ್ಟು, ಭಾರವಾದ ದಾರದ ಬಲದಿಂದ ಅದನ್ನು ಹೊಳೆಯ ಮೇಲೆ ಹಗುರವಾಗಿ ಇಳಿಸುವುದು. ಚಳಿಗಾಲದ ಸಂಜೆಗಳು ಈ ಹುಸಿಹುಳುಗಳನ್ನು ಕಟ್ಟುವುದರಲ್ಲೇ ಕಳೆಯುತ್ತವೆ. 1900ರ ಸುಮಾರಿಗೆ ಬ್ರಿಟನ್ನಿನಿಂದ ಕಾಶ್ಮೀರಕ್ಕೆ ಬಂದು, ಆಮೇಲೆ ಹಿಮಾಚಲಕ್ಕೂ ಹಬ್ಬಿದ ಕಂದು ಟ್ರೌಟ್ ತಣ್ಣೀರಿನ ಮೀನು. ಅದು ಅತಿ ವೇಗವಾಗಿ ಬೆಳೆಯುವುದು 13 ಡಿಗ್ರಿಯ ಆಸುಪಾಸಿನಲ್ಲಿ; 20ರ ಹತ್ತಿರ ಬಂದರೆ ಮೇಯುವುದನ್ನೇ ಬಿಡುತ್ತದೆ. ಅಂದರೆ ನಮ್ಮ ರೋಹು ಚಳಿಯೆಂದು ಮುದುಡಿಕೊಳ್ಳುವ ನೀರು ಟ್ರೌಟ್‌ಗೆ ಸಹಿಸಲಾಗದ ಬಿಸಿ. ಈ ಎರಡು ಮೀನುಗಳು ಒಂದೇ ಕೆರೆಯಲ್ಲಿ ಒಟ್ಟಿಗೆ ಹಸಿದಿರುವ ದಿನವೇ ಇಲ್ಲ.

ಆ ನಿಷೇಧಕ್ಕೆ ಕಾರಣ ಸರಳ. ಕಂದು ಟ್ರೌಟ್ ಮೊಟ್ಟೆಯಿಡುವುದು ಚಳಿಗಾಲದ ಆರಂಭದಲ್ಲಿ, ಹೊಳೆಯ ಗರಸಿನ ಸಂದಿಯಲ್ಲಿ. ಮೊಟ್ಟೆ ಒಡೆಯಲು ಇಂತಿಷ್ಟು ದಿನ ಎಂಬ ನಿಯಮವಿಲ್ಲ, ಇಂತಿಷ್ಟು ಶಾಖ ಕೂಡಬೇಕೆಂಬ ನಿಯಮವಿದೆ. ನೀರಿನ ಉಷ್ಣತೆಯನ್ನು ದಿನಗಳಿಂದ ಗುಣಿಸಿದರೆ ಬರುವ ಮೊತ್ತಕ್ಕೆ ಡಿಗ್ರಿ-ದಿನ ಎನ್ನುತ್ತಾರೆ. ಈ ಮೊಟ್ಟೆಗೆ ಬೇಕಾದದ್ದು ಸುಮಾರು 400. ನೀರು 10 ಡಿಗ್ರಿ ಇದ್ದರೆ ಸುಮಾರು 40 ದಿನ ಸಾಕು. 5 ಡಿಗ್ರಿ ಇದ್ದರೆ 80 ದಿನ. ಟ್ರೌಟ್ ತಿನ್ನುವ ಮೇಫ್ಲೈ ಹುಳುವಿನದೂ ಇದೇ ಬಗೆಯ ಲೆಕ್ಕ. ಮರಿಹುಳುವಾಗಿ ಕಲ್ಲಿನ ಅಡಿಯಲ್ಲಿ ತಿಂಗಳುಗಟ್ಟಲೆ ಬೆಳೆದು, ಬೇಕಾದಷ್ಟು ಶಾಖ ಕೂಡಿಬಂದ ಮೇಲೆ ಹಿಂಡುಹಿಂಡಾಗಿ ಮೇಲೆದ್ದು ರೆಕ್ಕೆ ಬಿಚ್ಚುತ್ತದೆ. ರೆಕ್ಕೆ ಬಂದ ಮೇಲೂ ಇನ್ನೊಮ್ಮೆ ಪೊರೆ ಕಳಚುವ ಕೀಟವರ್ಗ ಇದೊಂದೇ. ಕೆಲವು ಗಂಟೆ ಅಥವಾ ಒಂದೆರಡು ದಿನದ ಆ ಹಾರಾಟದಲ್ಲಿ ಅದು ಏನನ್ನೂ ತಿನ್ನುವುದಿಲ್ಲ. ಫ್ಲೈ ಫಿಶಿಂಗ್‌ನವರು ಕಾಯುವುದು ಈ ಹೊತ್ತಿಗೆ. ಹಿಮಾಲಯದಲ್ಲಿ ಅವರಿಗೆ ಇನ್ನೊಂದು ಅವಸರವೂ ಇದೆ: ಬೇಸಿಗೆ ಏರಿದಂತೆ ಹಿಮ ಕರಗಿ ಹೊಳೆ ತುಂಬಿ ಕದಡುತ್ತದೆ. ಅದಕ್ಕೆ ಮುಂಚಿನ ಮಾರ್ಚ್, ಏಪ್ರಿಲ್ ತಿಂಗಳುಗಳೇ ಅವರ ಸುಗ್ಗಿ.

ಶಾಖವನ್ನು ಹೀಗೆ ಕೂಡಿಸಿ ನೋಡುವ ಆಲೋಚನೆಯನ್ನು 1735ರಲ್ಲಿ ಮುಂದಿಟ್ಟವರು ಫ್ರಾನ್ಸಿನ ವಿಜ್ಞಾನಿ ರೆಯೋಮ್ಯೂರ್. ಬೆಳೆ ಬಲಿಯುವ ಕಾಲವನ್ನು ಕೃಷಿ ವಿಜ್ಞಾನಿಗಳು ಇಂದಿಗೂ ಇದೇ ಲೆಕ್ಕದಿಂದ ಅಂದಾಜು ಮಾಡುತ್ತಾರೆ. ಚಳಿ ಜೋರಾದ ವರ್ಷ ಪೈರು ತಡವಾಗಿ ಬಲಿಯುವುದನ್ನು ಬಲ್ಲ ರೈತರಿಗೆ ಮೀನಿನ ಲೆಕ್ಕವನ್ನು ವಿವರಿಸುವುದು ಕಷ್ಟವೇನಲ್ಲ.

ಕಾಯಲು ಮನಸ್ಸಿಲ್ಲದವರು ಎಲ್ಲಿ ಹುಡುಕಬೇಕು ಎಂಬುದಕ್ಕೂ ಭೌತಶಾಸ್ತ್ರದಲ್ಲಿ ಉತ್ತರವಿದೆ. ನೆಲದಾಳದ ನೀರಿಗೆ ಚಳಿಯೂ ಬಿಸಿಲೂ ತಟ್ಟುವುದಿಲ್ಲ. ಅದರ ಉಷ್ಣತೆ ವರ್ಷವಿಡೀ ಆ ಊರಿನ ಸರಾಸರಿ ಉಷ್ಣತೆಯ ಹತ್ತಿರವೇ ನಿಲ್ಲುತ್ತದೆ. ಬಹಮನಿಗಳ ಕಾಲದಲ್ಲಿ ಬೀದರಿನ ನೌಬಾದ್‌ನಲ್ಲಿ ತೋಡಿದ ಕಾರೇಜ್ ಸುರಂಗದ ನೀರಾಗಲಿ, ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟ ಇಳಿದು ನಡೆಯುವ ನೀರಾಗಲಿ ನೆಲದಾಳದ್ದೇ. ಕೆರೆ, ಹಳ್ಳಗಳಲ್ಲಿ ಇಂಥ ಒರತೆ ಜಿನುಗುವ ಮೂಲೆಗಳಿರುತ್ತವೆ. ಚಳಿಯಲ್ಲಿ ಅವು ಉಳಿದ ನೀರಿಗಿಂತ ಬೆಚ್ಚಗಿರುತ್ತವೆ, ಮೀನು ಅತ್ತ ಸರಿಯುತ್ತದೆ. ಮಧ್ಯಾಹ್ನವಾದರೆ ಗಾಳಿ ಯಾವ ದಡದತ್ತ ಬೀಸುತ್ತಿದೆಯೋ ಆ ದಡಕ್ಕೆ ಹೋಗಬೇಕು. ಬಿಸಿಲಿಗೆ ಕಾದ ಮೇಲ್ಪದರವನ್ನು ಗಾಳಿ ಅಲ್ಲಿಗೇ ತಳ್ಳಿರುತ್ತದೆ.

ಹಸಿವು ಮರಳಿದ ಮೇಲೂ ಒಳ್ಳೆಯ ಕಾಲ ಬಹಳ ಉಳಿಯುವುದಿಲ್ಲ. 20 ಡಿಗ್ರಿಯ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು, 30 ಡಿಗ್ರಿಯದು ಸುಮಾರು ಏಳೂವರೆಯನ್ನು. ಉಷ್ಣತೆ ಏರಿದಂತೆ ಮೀನಿಗೆ ಬೇಕಾಗುವುದು ಇಮ್ಮಡಿಯಾಗುತ್ತದೆ, ನೀರಿನಲ್ಲಿ ಸಿಗುವುದು ತಗ್ಗುತ್ತದೆ. ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ದಾಟುವ ದಿನಗಳಲ್ಲಿ, ಕೆರೆ ಬತ್ತಿ ಕುಗ್ಗಿದಾಗ, ಮೀನು ಮತ್ತೆ ಮಂಕಾಗುತ್ತದೆ, ಈ ಸಲ ಉಸಿರಿನ ಕೊರತೆಯಿಂದ. ಚಳಿಯ ಮಂಕಿಗೂ ಬಿಸಿಲಿನ ಮಂಕಿಗೂ ನಡುವೆ ಹೋಳಿಯಿಂದ ಯುಗಾದಿಯ ಆಚೀಚಿನವರೆಗಿನ ಕೆಲವು ವಾರಗಳು ನಮಗೆ ಸಿಗುತ್ತವೆ. ಹಿಮಾಚಲದವರ ಸುಗ್ಗಿಯೂ ಆಗಲೇ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಈ ವಾರಗಳಲ್ಲಿ ತಿಂದದ್ದೆಲ್ಲ ಮೀನಿನ ಮೈಗಷ್ಟೇ ಹೋಗುವುದಿಲ್ಲ. ಹಗಲು ಉದ್ದವಾಗುತ್ತಾ, ನೀರು ಬೆಚ್ಚಗಾಗುತ್ತಾ ಹೋದಂತೆ ಹೆಣ್ಣು ರೋಹು, ಕಾಟ್ಲಾಗಳ ಹೊಟ್ಟೆಯಲ್ಲಿ ಮೊಟ್ಟೆ ಬಲಿಯತೊಡಗುತ್ತದೆ. ಆದರೆ ಮೊಟ್ಟೆಯಿಡಲು ಅವಕ್ಕೆ ಮಳೆಗಾಲದ ಹೊಸನೀರಿನ ಹರಿವು ಬೇಕು. ನಿಂತ ಕೆರೆಯಲ್ಲಿ ಅವು ಇಡುವುದಿಲ್ಲ. ಈ ಕೊನೆಯ ತಡೆಯನ್ನು ದಾಟಿಸಿದವರು ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ. 1957ರ ಜುಲೈ 10ರಂದು ಒಡಿಶಾದಲ್ಲಿ ಅವರು ಪಿಟ್ಯೂಟರಿ ಗ್ರಂಥಿಯ ಸಾರವನ್ನು ಚುಚ್ಚಿ ಮೀನು ಮೊಟ್ಟೆಯಿಡುವಂತೆ ಮಾಡಿದರು. ಇಂದು ನಮ್ಮ ಕೆರೆಗಳಿಗೆ ಬಿಡುವ ಮೀನುಮರಿಗಳ ಹಿಂದೆ ಇರುವುದು ಆ ಕೆಲಸವೇ. ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುವುದೂ ಅದರ ನೆನಪಿಗೆ. ಮಳೆಗಾಲದ ಬೆಚ್ಚನೆಯ ನೀರಿನಲ್ಲಿ ಈ ಮೊಟ್ಟೆಗಳು ಒಡೆಯಲು 14ರಿಂದ 18 ಗಂಟೆ ಸಾಕು. ಟ್ರೌಟ್‌ನ 80 ದಿನಗಳ ಪಕ್ಕದಲ್ಲಿಟ್ಟು ನೋಡಬೇಕು.

ಮುರಲ್ ಮಾತ್ರ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ, ಇಟ್ಟು ಬಿಟ್ಟುಹೋಗುವುದೂ ಇಲ್ಲ. ಜೊಂಡಿನ ನಡುವೆ ಕೆಂಪು-ಕಿತ್ತಳೆ ಬಣ್ಣದ ಮರಿಗಳ ಗುಂಪು ನೀರಿನ ಮೇಲ್ಮಟ್ಟದಲ್ಲಿ ಒಟ್ಟೊಟ್ಟಿಗೆ ಸುಳಿಯುತ್ತಿದ್ದರೆ, ಅದರ ಕೆಳಗೆ ಕಾವಲಿಗೆ ದೊಡ್ಡ ಮೀನು ಇದ್ದೇ ಇರುತ್ತದೆ. ಹತ್ತಿರ ಬಿದ್ದದ್ದಕ್ಕೆಲ್ಲ ಅದು ಎರಗುತ್ತದೆ. ಹಸಿವಿನಿಂದಲ್ಲ, ಮರಿಗಳನ್ನು ಕಾಯಲು. ಅಂಥ ಕಡೆ ಗಾಳ ಹಾಕಿದರೆ ಸಿಗುವುದು ಖಂಡಿತ. ಆದ್ದರಿಂದಲೇ ಅಲ್ಲಿ ಗಾಳ ಹಾಕಬಾರದು. ಕಾವಲು ಹೋದ ಕೂಡಲೇ ಬೇರೆ ಮೀನುಗಳು ಮರಿಗಳ ಮೇಲೆ ಬೀಳುತ್ತವೆ. ಹುಟ್ಟಿದ ಹೊಸದರಲ್ಲಿ ಈ ಮರಿಗಳಿಗೆ ಗಾಳಿ ನುಂಗುವ ಶಕ್ತಿಯೂ ಬಂದಿರುವುದಿಲ್ಲ. ತಲೆಯೊಳಗಿನ ಕೋಣೆಗಳು ಬೆಳೆದು, ಒಂದೊಂದೇ ಮೇಲೆ ಬಂದು ಗುಟುಕು ನುಂಗಲು ಕಲಿಯುವ ತನಕ ಆ ದಡವನ್ನು ಬಿಟ್ಟು ಬೇರೆ ದಡ ಹಿಡಿಯಬೇಕು.