ಆಟಿಯ ಮಳೆ, ಸೋಲಾರ್ ಬ್ಯಾಟರಿ, ಮನೆಯ ಬಾವಿ

ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಮಳೆ ಹಿಡಿದರೆ ಉಡುಪಿಯಲ್ಲಿ ಬಿಸಿಲು ಕಾಣುವುದೇ ಅಪರೂಪ. ತಂತಿಯ ಮೇಲೆ ಮರ ಬಿದ್ದು ಕರೆಂಟೂ ಹೋಗಿರುತ್ತದೆ. ಆಗ ನಮ್ಮ ಮನೆಗೆ ಸೋಲಾರ್ ದೀಪವೇ ಗತಿ. ಮೂರನೇ ರಾತ್ರಿಗೆ ಅದೂ ಮಂಕಾಗುತ್ತದೆ. ಎಲ್ಲರೂ ಮಾಡಿನ ಮೇಲಿನ ಪ್ಯಾನೆಲನ್ನು ಬೈಯುತ್ತಾರೆ. ಪಾಪ, ಅದು 25 ವರ್ಷ ಬಾಳುವ ಸಾಮಾನು. ಸೊರಗುವುದು ಮೂಲೆಯಲ್ಲಿ ಕೂತ ಬ್ಯಾಟರಿ.

ಅದರೊಳಗೆ ಇರುವುದು ಸೀಸದ ತಟ್ಟೆಗಳು ಮತ್ತು ನೀರು ಬೆರೆತ ಸಲ್ಫ್ಯೂರಿಕ್ ಆಸಿಡ್. ದೀಪ ಉರಿದ ಹಾಗೆಲ್ಲ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಮರುದಿನ ಬಿಸಿಲು ಬಂದು ಚಾರ್ಜ್ ಆದರೆ ತಟ್ಟೆ ಮೊದಲಿನಂತಾಗುತ್ತದೆ. ಬಿಸಿಲೇ ಬರದಿದ್ದರೆ? ಆ ಪದರ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಬಿಡುವುದಿಲ್ಲ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ನಮ್ಮದು. ಒಂದೊಂದು ಮಳೆಗಾಲವೂ ಬ್ಯಾಟರಿಯ ಆಯುಸ್ಸನ್ನು ಒಂದಿಷ್ಟು ತಿನ್ನುತ್ತದೆ. ಕರೆಂಟು ಇದ್ದಾಗ ಆಗಾಗ ಪೂರ್ತಿ ಚಾರ್ಜ್ ಮಾಡಿಸಿಕೊಂಡರೆ ಜಾಸ್ತಿ ದಿನ ಬರುತ್ತದೆ.

ನಮಗೆ ಕರೆಂಟು ಕೊಡುವ ಕಂಪನಿ ಮೆಸ್ಕಾಂನ ಲೈನಿಗೆ ಜೋಡಿಸುವ ಸೋಲಾರಿಗೆ ಬ್ಯಾಟರಿಯೇ ಬೇಕಿಲ್ಲ, ನಿಜ. ಆದರೆ ಕರೆಂಟು ಹೋದಾಗ ಅದೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟು ಹೊಡೆಯಬಾರದು, ಅಲ್ವಾ?

ಚಿಮಿಣಿ ಎಣ್ಣೆಯ ಹೊಗೆಯಿಂದ ಎಷ್ಟೋ ಮನೆಗಳನ್ನು ಬಿಡಿಸಿದ ದೀಪ ಇದು. ಅದನ್ನು ದೂರಲು ನನಗೆ ಮನಸ್ಸಿಲ್ಲ. ನನ್ನ ಚಿಂತೆ ಸತ್ತ ಬ್ಯಾಟರಿಯದು. "ಅಕ್ಕ, ಹಳೇ ಬ್ಯಾಟರಿ ಉಂಟಾ?" ಎಂದು ಗುಜರಿಯವರು ಗೇಟಿನ ಹತ್ತಿರ ಕೇಳುತ್ತಾರೆ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸವೇ. ಅದಕ್ಕೆ ಒಳ್ಳೆಯ ಬೆಲೆ ಇದೆ. ಆದರೆ ಎಲ್ಲೋ ಹಿತ್ತಲಲ್ಲಿ ಅದನ್ನು ಒಡೆದರೆ ಸೀಸ ಬೆರೆತ ಆಸಿಡ್ ನೆಲಕ್ಕೆ, ಕರಗಿಸಿದ ಹೊಗೆ ಕೆಲಸದವರ ಎದೆಗೆ. ನಮ್ಮದು ಮುರಕಲ್ಲಿನ ನೆಲ, ಮೈಯೆಲ್ಲ ತೂತು. ಮೇಲೆ ಚೆಲ್ಲಿದ್ದು ಮಳೆನೀರಿನ ಜೊತೆ ಇಳಿಯುತ್ತದೆ. ಮನೆಮನೆಗೂ ಬಾವಿ ಇರುವ ಊರಲ್ಲಿ ಇದು ಸಣ್ಣ ಮಾತಲ್ಲ. ಮಕ್ಕಳ ಮೆದುಳಿಗೆ ಸೀಸ ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಸರಿಯಾದ ಕಾರ್ಖಾನೆಗೆ ಹೋದರೆ ಅದೇ ಸೀಸ ಹೊಸ ಬ್ಯಾಟರಿಯಾಗಿ ಮರಳುತ್ತದೆ. ಹೊಸದನ್ನು ಮಾರುವ ಅಂಗಡಿಯವರು ಹಳೆಯದನ್ನು ವಾಪಸ್ ಪಡೆಯಬೇಕು ಎಂಬ ನಿಯಮ 2001ರಲ್ಲೇ ಬಂತು. 2022ರ ಹೊಸ ನಿಯಮದಲ್ಲಿ ಹಳೆಯದನ್ನು ವಾಪಸ್ ಪಡೆಯುವ ಹೊಣೆ ಮುಖ್ಯವಾಗಿ ತಯಾರಕರದು. ಮೊನ್ನೆ ನಮ್ಮದನ್ನು ರಿಕ್ಷಾದಲ್ಲಿ, ಆಸಿಡ್ ಚೆಲ್ಲದಂತೆ ನೆಟ್ಟಗೆ ಹಿಡಿದುಕೊಂಡು ಅಂಗಡಿಗೆ ಒಯ್ದೆ. ಹೊಸದರ ಬೆಲೆಯಲ್ಲಿ ಹಳೆಯದರ ಹಣ ಕಳೆದು ಬಿಲ್ ಬರೆದರು.